ದರ ಕೊನೆಗೆ ನೋಡಿ, ನಿದ್ದೆ ಮೊದಲು: ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಐದು ದಾರಿಗಳು

ಕಂಪನಿಯ ಟ್ರಾವೆಲ್ ಡೆಸ್ಕ್‌ನವರು ಕಳುಹಿಸುವ ಪಟ್ಟಿಯಲ್ಲಿ ಅಗ್ಗದ ಟಿಕೆಟ್ ಮೇಲಿರುತ್ತದೆ, ದುಬಾರಿ ಟಿಕೆಟ್ ಕೆಳಗಿರುತ್ತದೆ. ನಾನು ಅದರಲ್ಲಿ ಮೊದಲು ಹುಡುಕುವುದು ಬೇರೆಯದನ್ನೇ: ಪ್ರಯಾಣ ಎಲ್ಲಿ ತುಂಡಾಗುತ್ತದೆ, ತುಂಡಾದ ಮೇಲೆ ಉಳಿಯುವ ಹಾರಾಟ ಎಷ್ಟು ಉದ್ದ, ಇಳಿಯುವುದು ಹಗಲಿನ ಯಾವ ಹೊತ್ತಿಗೆ. ಕ್ಯಾಲಿಫೋರ್ನಿಯಾ ಬೇಸಿಗೆಯಲ್ಲಿ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ. ನಮ್ಮ ನಡುರಾತ್ರಿ ಎಂದರೆ ಅಲ್ಲಿ ಮಧ್ಯಾಹ್ನದ ಊಟಕ್ಕೆ ಮುಂಚಿನ, ಬೆಳಗಿನ ಸಭೆಗಳು ನಡೆಯುವ ಸಮಯ. ಪ್ರವಾಸಕ್ಕೆ ಹೋಗುವವರು ಎರಡು ದಿನ ಹೋಟೆಲಿನಲ್ಲಿ ಮಲಗಿ ಸುಧಾರಿಸಿಕೊಳ್ಳಬಹುದು. ಸೋಮವಾರ ಬೆಳಿಗ್ಗೆ ಗ್ರಾಹಕರ ಮುಂದೆ ಕುಳಿತು ಲೆಕ್ಕ ಒಪ್ಪಿಸಬೇಕಾದವರಿಗೆ ಆ ಸೌಲಭ್ಯವಿಲ್ಲ.

ಕೆಲಸದ ಮೇಲೆ ಈ ದಾರಿಯಲ್ಲಿ ಹೋಗಿ ಬರುತ್ತಾ ನಾನು ಐದು ಬಗೆಯನ್ನೂ ನೋಡಿದ್ದೇನೆ, ಹೆಚ್ಚಿನ ಸಲ ಎಕಾನಮಿಯಲ್ಲಿ. ಇಲ್ಲಿ ಹೇಳುವ ಹೊತ್ತುಗಳು ನಾನು ಹೋದಾಗಿನವು. ಋತುವಿಗೊಮ್ಮೆ ವೇಳಾಪಟ್ಟಿ ಬದಲಾಗುತ್ತದೆ, ಒಟ್ಟು ಸ್ವರೂಪ ಮಾತ್ರ ಅಷ್ಟಾಗಿ ಬದಲಾಗುವುದಿಲ್ಲ.

ಮೊದಲು ನೇರ ವಿಮಾನ. ಏರ್ ಇಂಡಿಯಾ ಇದನ್ನು 2021ರ ಜನವರಿಯಲ್ಲಿ ಆರಂಭಿಸಿತು. ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಮೊದಲ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ತಂದಿಳಿಸಿತು. ಸುಮಾರು 14,000 ಕಿ.ಮೀ. ದೂರ. ಬೆಂಗಳೂರಿನಿಂದ ಮಧ್ಯಾಹ್ನ ಹೊರಟು, 16 ಗಂಟೆ ಹಾರಿ, ಅದೇ ತಾರೀಖಿನ ಸಂಜೆ ಇಳಿಸುತ್ತಿದ್ದ ಆ ವೇಳಾಪಟ್ಟಿಗಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಹಿಂದಿನ ರಾತ್ರಿ ಮನೆಯಲ್ಲೇ ನಿದ್ದೆ, ಬೆಳಿಗ್ಗೆ ತಿಂಡಿ ತಿಂದು ಹೊರಡುವುದು, ಅಲ್ಲಿ ಇಳಿದಾಗ ರಾತ್ರಿಯ ಊಟಕ್ಕೆ ಸರಿಯಾದ ಹೊತ್ತು. ಉಂಡು ಮಲಗಿದರೆ ದೇಹಕ್ಕೆ ಹೆಚ್ಚು ಗೊಂದಲವಿಲ್ಲ. ಬ್ಯಾಗ್ ನಡುವೆ ಎಲ್ಲೂ ಕೈ ಬದಲಾಯಿಸುವುದಿಲ್ಲವಾದ್ದರಿಂದ ಕಳೆದುಹೋಗುವ ಸಂಭವವೂ ಕಡಿಮೆ.

ಆದರೆ ಹನ್ನೊಂದನೆಯ ಗಂಟೆಯ ನಂತರ ಒಂದೇ ಕುರ್ಚಿಯಲ್ಲಿ ಮಂಡಿಗಳು ಮಾತನಾಡತೊಡಗುತ್ತವೆ. ಆ ವಿಮಾನ ರದ್ದಾದರೆ ಅದೇ ದಿನ ಅದಕ್ಕೆ ಬದಲಿ ಇನ್ನೊಂದಿಲ್ಲ ಎಂಬುದು ಇನ್ನೂ ದೊಡ್ಡ ಕೊರತೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ಭಾರತೀಯ ವಿಮಾನಗಳಿಗೆ ಮುಚ್ಚಿದ ಮೇಲೆ ಉತ್ತರ ಅಮೆರಿಕದ ಹಲವು ಹಾರಾಟಗಳು ಉದ್ದವಾದವು, ಕೆಲವು ಇಂಧನಕ್ಕಾಗಿ ನಡುವೆ ಇಳಿಯಬೇಕಾಯಿತು. ಆದ್ದರಿಂದ ನೇರ ವಿಮಾನವೇ ಬೇಕೆನ್ನುವವರು ತಮ್ಮ ದಿನಾಂಕಕ್ಕೆ ಅದು ಇದೆಯೇ, ಇದ್ದರೆ ಎಲ್ಲೂ ಇಳಿಯದೆ ಹೋಗುತ್ತದೆಯೇ ಎಂದು ಮೊದಲು ವಿಚಾರಿಸಿಕೊಳ್ಳಬೇಕು. ಯುನೈಟೆಡ್ ಕೂಡ ಈ ಎರಡು ಊರುಗಳ ನಡುವೆ 2022ರಲ್ಲಿ ನೇರ ವಿಮಾನ ಹಾರಿಸುವುದಾಗಿ ಪ್ರಕಟಿಸಿತ್ತು. ಅಷ್ಟರಲ್ಲಿ ಉಕ್ರೇನ್ ಯುದ್ಧ ಬಂತು, ರಷ್ಯಾದ ಆಕಾಶ ಮುಚ್ಚಿತು, ಯೋಜನೆ ಕೈಬಿಟ್ಟುಹೋಯಿತು. ಇಷ್ಟು ದೂರದ ಹಾರಾಟದ ಹಣೆಬರಹವನ್ನು ಯಾವುದೋ ದೇಶದ ಗಡಿ ಬರೆಯುತ್ತದೆ.

ದುಬೈ ದಾರಿ ಟ್ರಾವೆಲ್ ಡೆಸ್ಕ್‌ನ ಅಚ್ಚುಮೆಚ್ಚು, ಏಕೆಂದರೆ ಪಟ್ಟಿಯ ಮೇಲ್ಭಾಗದಲ್ಲಿ ಕೊಲ್ಲಿಯ ಕಂಪನಿಗಳು ಆಗಾಗ ಕಾಣಿಸಿಕೊಳ್ಳುತ್ತವೆ. ಎಮಿರೇಟ್ಸ್ 2022ರಿಂದ ಬೆಂಗಳೂರಿಗೆ ಎ380 ವಿಮಾನವನ್ನೂ ತರುತ್ತಿದೆ. ಅದರಷ್ಟು ಸದ್ದಿಲ್ಲದ ವಿಮಾನದಲ್ಲಿ ನಾನು ಕುಳಿತಿಲ್ಲ, ಕೆಳ ಅಂತಸ್ತಿನ ಎಕಾನಮಿಯಲ್ಲೂ ಹೆಗಲಿಗೆ ಜಾಗವಿರುತ್ತದೆ. ನನ್ನ ತಕರಾರು ಭೂಗೋಳದ್ದು. ಬೆಂಗಳೂರಿನಿಂದ ದುಬೈ ನಾಲ್ಕು ಗಂಟೆ, ದುಬೈನಿಂದ ಸ್ಯಾನ್ ಫ್ರಾನ್ಸಿಸ್ಕೊ ಮತ್ತೆ 16 ಗಂಟೆ. ಅಂದರೆ ನೇರ ವಿಮಾನದ ಆಯಾಸ ಪೂರ್ತಿ ಉಳಿದುಕೊಳ್ಳುತ್ತದೆ, ಅದರ ಮೇಲೆ ಒಂದು ಹೆಚ್ಚುವರಿ ವಿಮಾನ. ಬೆಂಗಳೂರಿನಿಂದ ಬೆಳಗಿನ ಜಾವ ಹೊರಡುವ ವಿಮಾನ ಹಿಡಿದರೆ ಮನೆಯ ನಿದ್ದೆಯೂ ಹೋಯಿತು. ನಾಲ್ಕು ಗಂಟೆಯ ಹಾರಾಟದಲ್ಲಿ ಊಟ ಬಡಿಸಿ, ತಟ್ಟೆ ಎತ್ತಿ, ದೀಪ ಆರಿಸುವಷ್ಟರಲ್ಲಿ ಇಳಿಯುವ ಘೋಷಣೆ. ಆ ಹೊತ್ತಿನ ದುಬೈ ನಿಲ್ದಾಣವೋ, ಯುಗಾದಿಯ ಹಿಂದಿನ ರಾತ್ರಿಯ ಮೆಜೆಸ್ಟಿಕ್. ದಣಿವೇ ಆಗದ ಹೊತ್ತಿನಲ್ಲಿ ಬಿಡುವು ಸಿಕ್ಕಿ, ದಣಿದಾಗ ಅದು ಸಿಗದ ದಾರಿ ಇದು. ದೋಹಾ ಮೂಲಕ ಹೋದರೂ ಲೆಕ್ಕ ಹೆಚ್ಚು ಕಡಿಮೆ ಇಷ್ಟೇ. 2025ರ ಜೂನ್ 23ರಂದು ಕತಾರ್ ವಾಯುಪ್ರದೇಶ ಏಕಾಏಕಿ ಮುಚ್ಚಿ ವಿಮಾನಗಳು ಎಲ್ಲೆಲ್ಲೋ ಇಳಿದದ್ದನ್ನು ಕಂಡ ಮೇಲೆ, ಗಡುವಿನ ಕೆಲಸವಿದ್ದಾಗ ಕೊಲ್ಲಿಯ ದಾರಿ ತೆಗೆದುಕೊಳ್ಳುವ ಮುನ್ನ ನಾನು ಆ ವಾರದ ಸುದ್ದಿ ಓದುತ್ತೇನೆ.

ಫ್ರಾಂಕ್‌ಫರ್ಟ್ ಹಳೆಯ ಗಟ್ಟಿ ದಾರಿ. ಲುಫ್ತಾನ್ಸಾ ಬೆಂಗಳೂರಿಗೆ ಎರಡು ದಶಕಗಳಿಂದ ಹಾರುತ್ತಿದೆ. ವಿಮಾನ ನಡುರಾತ್ರಿ ಕಳೆದು ಮೂರರ ಸುಮಾರಿಗೆ ಹೊರಡುತ್ತದೆ. ಕೇಳಿದರೆ ಕಷ್ಟವೆನಿಸುತ್ತದೆ, ಆದರೆ ಬೆಂಗಳೂರಿನವರಿಗೆ ಅದರಲ್ಲೊಂದು ಅನುಕೂಲವಿದೆ. ರಾತ್ರಿ ಹನ್ನೊಂದಕ್ಕೆ ಹೆಬ್ಬಾಳದ ಮೇಲ್ಸೇತುವೆ ಖಾಲಿ. ಜಯನಗರದಿಂದ ದೇವನಹಳ್ಳಿಗೆ ಒಂದು ಗಂಟೆಯೊಳಗೆ ತಲುಪಬಹುದು. ರಾತ್ರಿ ಹನ್ನೊಂದಕ್ಕೆ ಹಾರುವ ವಿಮಾನಕ್ಕಾದರೆ ಸಂಜೆ ಆರಕ್ಕೇ ಮನೆ ಬಿಟ್ಟು ಬಳ್ಳಾರಿ ರಸ್ತೆಯಲ್ಲಿ ಬ್ರೇಕ್ ದೀಪಗಳನ್ನು ಎಣಿಸಬೇಕು.

ಈ ದಾರಿಯ ಗುಣ ಅದರ ಸಮಪಾಲು. ಹತ್ತು ಗಂಟೆಗೆ ಹತ್ತಿರದ ಒಂದು ಹಾರಾಟ, ಹನ್ನೊಂದು ಗಂಟೆ ದಾಟುವ ಇನ್ನೊಂದು. ಮೊದಲನೆಯದು ನಮ್ಮ ರಾತ್ರಿಯೊಳಗೇ ಬೀಳುವುದರಿಂದ ಊಟ ಬೇಡವೆಂದು ಹೇಳಿ ಮಲಗಿದರೆ ಆರು ಗಂಟೆ ನಿದ್ದೆ ಗ್ಯಾರಂಟಿ. ಜರ್ಮನಿಯಲ್ಲಿ ಬೆಳಿಗ್ಗೆ ಇಳಿದು, ಮುಖ ತೊಳೆದು, ಉದ್ದನೆಯ ಹಾದಿಗಳಲ್ಲಿ ಕಾಲು ಚಾಚಿ ನಡೆದರೆ ದೇಹ ಮತ್ತೆ ಸಿದ್ಧ. ಎರಡನೆಯ ಹಾರಾಟದಲ್ಲಿ ಎಚ್ಚರವಿದ್ದು ಕೆಲಸ ಮುಗಿಸುತ್ತೇನೆ. ಮಧ್ಯಾಹ್ನದ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೊ. ರಾತ್ರಿ ಒಂಬತ್ತರವರೆಗೆ ಎಚ್ಚರವಾಗಿರುವುದು ಒಂದೇ ಸವಾಲು. ಇನ್ನೂ ಒಂದು ಕಾರಣಕ್ಕೆ ಈ ದಾರಿ ನನಗೆ ಇಷ್ಟ: ಫ್ರಾಂಕ್‌ಫರ್ಟ್‌ನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಲುಫ್ತಾನ್ಸಾ, ಯುನೈಟೆಡ್ ಎರಡೂ ಹಾರುತ್ತವೆ, ಎರಡೂ ಸ್ಟಾರ್ ಅಲಯನ್ಸ್ ಕೂಟದವು. ಒಂದು ತಪ್ಪಿದರೆ ಇನ್ನೊಂದರಲ್ಲಿ ಕೂರಿಸಲು ದಾರಿಯಿದೆ. ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಕೈಯಲ್ಲಿದ್ದವರು ಅಲ್ಲಿ ವಿಮಾನ ಬದಲಿಸಲು ಪ್ರತ್ಯೇಕ ಟ್ರಾನ್ಸಿಟ್ ವೀಸಾದ ಚಿಂತೆ ಮಾಡಬೇಕಿಲ್ಲ. ಜರ್ಮನಿಯ ಮುಷ್ಕರಗಳು ಮಾತ್ರ ಆಗಾಗ ಕಾಡುತ್ತವೆ. ಆದರೆ ಅವು ಸಾಮಾನ್ಯವಾಗಿ ಮುಂಚೆಯೇ ಹೇಳಿ ಬರುವಂಥವು.

ಫ್ರಾಂಕ್‌ಫರ್ಟ್‌ನಲ್ಲಿ ಮತ್ತೊಮ್ಮೆ ಭದ್ರತಾ ತಪಾಸಣೆ ಇರುತ್ತದೆ. ಅಲ್ಲಿ ನನ್ನ ಮುಂದಿದ್ದ ಅಮ್ಮನೊಬ್ಬರ ಕೈಚೀಲದಿಂದ ಸಿಬ್ಬಂದಿಯೊಬ್ಬ ದೊಡ್ಡದೊಂದು ಪೊಟ್ಟಣ ತೆಗೆದ. ಮೂರು ಸುತ್ತು ಪ್ಲಾಸ್ಟಿಕ್, ಅದರ ಮೇಲೆ ರಬ್ಬರ್ ಬ್ಯಾಂಡ್, ಒಳಗೆ ಕೆಂಪಗಿನ ಚಟ್ನಿಪುಡಿ. ಆತ ಒಂದೊಂದೇ ಸುತ್ತು ಬಿಚ್ಚಿ, ಬಿಳಿ ಪಟ್ಟಿಯಿಂದ ಅಂಚು ಒರೆಸಿ ಯಂತ್ರಕ್ಕೆ ಕೊಟ್ಟ. ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಸಾಲಿನುದ್ದಕ್ಕೂ ಹರಡಿತು. ಆ ಅಮ್ಮ ಕನ್ನಡದಲ್ಲೇ ಅದರ ವಿಧಾನ ವಿವರಿಸುತ್ತಿದ್ದರು. ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ 350 ಮಿ.ಲೀ.ಗಿಂತ ಹೆಚ್ಚಿನ ಪುಡಿ ಕೈಚೀಲದಲ್ಲಿದ್ದರೆ 2018ರಿಂದ ಹೆಚ್ಚುವರಿ ತಪಾಸಣೆ ಇದೆ. ಸಾರಿನ ಪುಡಿ, ಚಟ್ನಿಪುಡಿ ಎಲ್ಲವೂ ದೊಡ್ಡ ಸೂಟ್‌ಕೇಸಿಗೆ ಸೇರಲಿ.

ಪೂರ್ವದ ಕಡೆಗೆ ತಿರುಗಿದರೆ ಸಿಂಗಪುರ. ಸಿಂಗಪುರ್ ಏರ್‌ಲೈನ್ಸ್‌ನ ಸೇವೆಯ ಬಗ್ಗೆ ಎಲ್ಲರೂ ಹೇಳುವುದು ನಿಜ, ಅದನ್ನೇ ನಾನು ಮತ್ತೆ ಹೇಳುವುದಿಲ್ಲ. ಚಾಂಗಿ ನಿಲ್ದಾಣದಲ್ಲಿ ಹೊತ್ತು ಕಳೆಯುವುದು ಶಿಕ್ಷೆಯಲ್ಲ, ಮೂರನೆಯ ಟರ್ಮಿನಲ್‌ನಲ್ಲಿ ಚಿಟ್ಟೆಗಳ ತೋಟವೇ ಇದೆ. ತಪಾಸಣೆ ಹೆಚ್ಚಾಗಿ ಗೇಟಿನ ಬಳಿಯೇ ನಡೆಯುವುದರಿಂದ ಅಂಗಡಿಯಲ್ಲಿ ಕೊಂಡ ನೀರನ್ನು ಅಲ್ಲಿಗೆ ಮುಂಚೆ ಕುಡಿದು ಮುಗಿಸಬೇಕು ಎಂಬುದೊಂದು ನೆನಪಿರಲಿ. ಹೋಗುವಾಗ ನಾಲ್ಕೂವರೆ ಗಂಟೆ, ಆಮೇಲೆ 15 ಗಂಟೆಯಷ್ಟು. ದುಬೈನ ದೋಷವೇ ಇಲ್ಲಿಯೂ. ಸಾಲದ್ದಕ್ಕೆ ಸಿಂಗಪುರದಿಂದ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಹೊರಟ ವಿಮಾನ ಅಂತರರಾಷ್ಟ್ರೀಯ ದಿನರೇಖೆ ದಾಟಿ, ಅದೇ ತಾರೀಖು ಬೆಳಿಗ್ಗೆ ಹೆಚ್ಚು ಕಡಿಮೆ ಅದೇ ಹೊತ್ತಿಗೆ ಇಳಿಸುತ್ತದೆ. ಒಂದೇ ದಿನಕ್ಕೆ ಎರಡು ಬೆಳಗು! ಹೋಟೆಲಿನವರು ಮಧ್ಯಾಹ್ನ ಮೂರಕ್ಕೆ ಮುಂಚೆ ಕೋಣೆ ಕೊಡುವುದಿಲ್ಲ. ಲಾಬಿಯ ಸೋಫಾದಲ್ಲಿ ಕುಳಿತು ತೂಕಡಿಸುವ ಆ ಆರು ಗಂಟೆಗಳು ಇಡೀ ವಾರವನ್ನು ಹಾಳುಮಾಡುತ್ತವೆ.

ಮರಳಿ ಬರಲು ಮಾತ್ರ ಸಿಂಗಪುರಕ್ಕೆ ಸಾಟಿಯಿಲ್ಲ. ಎದುರುಗಾಳಿಯಿಂದಾಗಿ ಹಾರಾಟ 16 ಗಂಟೆ ಮೀರುತ್ತದೆ ನಿಜ. ಆದರೆ ಬೆಳಗಿನ ವಿಮಾನ ಹಿಡಿದರೆ ಮರುದಿನ ಸಂಜೆ ಚಾಂಗಿ, ಅಂದು ರಾತ್ರಿಯೇ ಬೆಂಗಳೂರು. ಉಳಿದ ದಾರಿಗಳು ಹೆಚ್ಚಾಗಿ ನಡುರಾತ್ರಿ ಕಳೆದ ಮೇಲೆ ಇಳಿಸುವಾಗ, ಇದು ಸ್ವಂತ ಹಾಸಿಗೆಯಲ್ಲಿ ಸರಿಯಾದ ಹೊತ್ತಿಗೆ ಮಲಗಿಸುತ್ತದೆ.

ಟೋಕಿಯೊ ದಾರಿಯನ್ನು ನಮ್ಮವರು ಯೋಚಿಸುವುದೇ ಕಡಿಮೆ. ಜಪಾನ್ ಏರ್‌ಲೈನ್ಸ್ 2021ರಲ್ಲಿ ಬೆಂಗಳೂರು–ನರಿಟಾ ಸೇವೆ ಆರಂಭಿಸಿತು. ಎಂಟೂವರೆ ಗಂಟೆಯ ಒಂದು ಹಾರಾಟ, ಒಂಬತ್ತು ಗಂಟೆ ದಾಟುವ ಇನ್ನೊಂದು: ಈ ಐದರಲ್ಲಿ ಅತ್ಯಂತ ಸಮನಾಗಿ ತುಂಡಾಗುವ ಪ್ರಯಾಣ. ಅವರ 787 ವಿಮಾನದ ಎಕಾನಮಿಯಲ್ಲಿ ಸಾಲಿಗೆ ಎಂಟೇ ಆಸನ, ಎರಡು–ನಾಲ್ಕು–ಎರಡು. ಬೇರೆ ಕಂಪನಿಗಳು ಅದೇ ವಿಮಾನದಲ್ಲಿ ಸಾಮಾನ್ಯವಾಗಿ ಒಂಬತ್ತು ಕೂರಿಸುತ್ತವೆ. ಕಿಟಕಿ ಪಕ್ಕ ಕುಳಿತವರು ಶೌಚಕ್ಕೆ ಏಳಬೇಕಾದರೆ ಒಬ್ಬರನ್ನು ಎಬ್ಬಿಸಿದರೆ ಸಾಕು. ಆಸನದ ವಿಷಯದಲ್ಲಿ ಇದಕ್ಕೇ ನನ್ನ ಮೊದಲ ಅಂಕ. ಸಸ್ಯಾಹಾರಿಗಳಿಗೆ ನರಿಟಾ ಕಷ್ಟ. ತರಕಾರಿ ಹಾಕಿದ ಉದೋನ್ ನೋಡಿ ಹಿಗ್ಗಬೇಡಿ, ಸಾರಿನ ತಳದಲ್ಲಿ ಒಣಮೀನಿನ ರಸವಿರುತ್ತದೆ. ಮನೆಯ ಅವಲಕ್ಕಿಯೋ ಕೋಡುಬಳೆಯೋ ಜೊತೆಗಿದ್ದರೆ ಚಿಂತೆಯಿಲ್ಲ.

ಊಟದ ಮಾತು ಬಂತಲ್ಲ, ಇದರಲ್ಲಿ ವಿಮಾನ ಕಂಪನಿಗಿಂತ ಟಿಕೆಟ್ ತೆಗೆಯುವಾಗ ಆರಿಸುವ ಸಂಕೇತ ಹೆಚ್ಚು ಮುಖ್ಯ. ‘ಹಿಂದೂ ಊಟ’ ಎಂದಿರುವ ಎಚ್‌ಎನ್‌ಎಂಎಲ್ ಸಸ್ಯಾಹಾರವಲ್ಲ, ದನ ಮತ್ತು ಹಂದಿ ಮಾಂಸ ಬಿಟ್ಟು ಕೋಳಿ, ಕುರಿ, ಮೀನು ಬರಬಹುದು. ವಿಎಲ್‌ಎಂಎಲ್ ಎಂದರೆ ಹಾಲು, ಮೊಟ್ಟೆ ಸೇರಿದ ಪಾಶ್ಚಾತ್ಯ ಶೈಲಿಯ ಸಸ್ಯಾಹಾರ. ನಮ್ಮವರಿಗೆ ಬೇಕಾದದ್ದು ಭಾರತೀಯ ಶೈಲಿಯ ಸಸ್ಯಾಹಾರದ ಎವಿಎಂಎಲ್, ಈರುಳ್ಳಿ ಬೆಳ್ಳುಳ್ಳಿ ಬೇಡದವರಿಗೆ ಜೈನ ಊಟದ ವಿಜೆಎಂಎಲ್. ಹಾರಾಟಕ್ಕೆ ಕನಿಷ್ಠ ಒಂದು ದಿನ ಮುಂಚೆ ಹೇಳಿರಬೇಕು. ವಿಮಾನ ಬದಲಾದರೆ ಈ ಕೋರಿಕೆ ಎಷ್ಟೋ ಸಲ ಹಳೆಯ ಟಿಕೆಟ್ಟಿನಲ್ಲೇ ಉಳಿದುಬಿಡುತ್ತದೆ. ಒಮ್ಮೆ ಒಂದು ಕಂಪನಿ ನನ್ನ ಹಾರಾಟವನ್ನು ಮರುದಿನಕ್ಕೆ ತಳ್ಳಿದಾಗ ಹೀಗೇ ಆಗಿ, ಬನ್ನು ಬೆಣ್ಣೆಯಲ್ಲಿ ಸಾಗರ ದಾಟಿದ್ದೇನೆ. ವಿಶೇಷ ಊಟಕ್ಕೆ ಇನ್ನೊಂದು ಲಾಭವೂ ಇದೆ. ಆಸನದ ಸಂಖ್ಯೆ ಅಂಟಿಸಿದ ಆ ತಟ್ಟೆ ಗಾಡಿಗಿಂತ ಮೊದಲೇ ಬರುತ್ತದೆ. ಪಕ್ಕದವರಿಗೆ ಊಟ ಸಿಗುವಷ್ಟರಲ್ಲಿ ನಾನು ಕಣ್ಣಿಗೆ ಪಟ್ಟಿ ಕಟ್ಟಿರುತ್ತೇನೆ.

ಟಿಕೆಟ್ ಯಾವುದೇ ಇರಲಿ, ಎರಡೂ ಹಾರಾಟ ಒಂದೇ ಪಿಎನ್‌ಆರ್‌ನಲ್ಲಿರಬೇಕು. ಬೇರೆ ಬೇರೆ ತೆಗೆದು ಉಳಿಸಿದ ಹಣ, ಮೊದಲ ವಿಮಾನ ತಡವಾದ ದಿನ ಬಡ್ಡಿ ಸಮೇತ ಹೋಗುತ್ತದೆ. ಒಂದೂವರೆ ಗಂಟೆಯ ಅಂತರವನ್ನು ಕಂಪನಿಗಳು ಸಾಕೆನ್ನುತ್ತವೆ, ನಾನು ಎರಡೂವರೆಗಿಂತ ಕಡಿಮೆ ಒಪ್ಪುವುದಿಲ್ಲ. ನ್ಯೂಯಾರ್ಕ್ ಅಥವಾ ಶಿಕಾಗೊದಲ್ಲಿ ಇಳಿದು ಒಳನಾಡಿನ ವಿಮಾನ ಹಿಡಿಯುವ ಟಿಕೆಟ್ಟನ್ನು ನಾನು ತೆಗೆಯುವುದೇ ಇಲ್ಲ. ಅಮೆರಿಕದಲ್ಲಿ ಮೊದಲು ಇಳಿದ ಊರಿನಲ್ಲೇ ಇಮಿಗ್ರೇಶನ್ ಸಾಲು ಮುಗಿಸಿ, ಬ್ಯಾಗ್ ಎತ್ತಿ, ಕಸ್ಟಮ್ಸ್ ದಾಟಿ ಮತ್ತೆ ಬ್ಯಾಗ್ ಒಪ್ಪಿಸಬೇಕು. ಆ ಸಾಲಿನ ಉದ್ದವನ್ನು ಯಾವ ವೇಳಾಪಟ್ಟಿಯೂ ಹೇಳುವುದಿಲ್ಲ.

ಈಗ ನನ್ನ ಅಭ್ಯಾಸ ಇಷ್ಟು. ಸೋಮವಾರದ ಸಭೆಗೆ ಶುಕ್ರವಾರ ರಾತ್ರಿ ಮನೆ ಬಿಟ್ಟು ಫ್ರಾಂಕ್‌ಫರ್ಟ್ ಮೂಲಕ ಶನಿವಾರ ಮಧ್ಯಾಹ್ನ ತಲುಪುವುದು, ಬರುವಾಗ ಸಿಂಗಪುರದ ಮೂಲಕ. ಎರಡೂ ಸ್ಟಾರ್ ಅಲಯನ್ಸ್‌ನವೇ ಆದ್ದರಿಂದ ಒಂದೇ ಟಿಕೆಟ್ಟಿನಲ್ಲಿ ಸೇರಿಸಲು ಟ್ರಾವೆಲ್ ಡೆಸ್ಕ್‌ನವರನ್ನು ಕೇಳಬಹುದು, ಮೈಲಿ ಅಂಕಗಳೂ ಒಂದೇ ಖಾತೆಗೆ ಬೀಳುತ್ತವೆ. ಕಂಪನಿ ಒಂದು ಕಡೆಗೆ ಮಾತ್ರ ಪ್ರೀಮಿಯಂ ಎಕಾನಮಿ ಕೊಡುವುದಾದರೆ ಹೋಗುವ ಕಡೆಗೇ ಕೇಳುತ್ತೇನೆ, ಬಂದ ಮೇಲೆ ಒಂದು ದಿನ ರಜೆ ಹಾಕಬಹುದು. ಸಭೆ ವಾರದ ನಡುವೆ ಇದ್ದು ದಿನ ಹೊಂದಿದರೆ ಟೋಕಿಯೊ. ದುಬೈ ನನಗೆ ಕೊನೆಯ ಆಯ್ಕೆ, ದರದ ಅಂತರ ತೀರಾ ದೊಡ್ಡದಿದ್ದಾಗ ಮಾತ್ರ.

ಮಗಳ ಬಾಣಂತನಕ್ಕೋ ಮೊಮ್ಮಗನನ್ನು ನೋಡಲೋ ಒಂಟಿಯಾಗಿ ಹೊರಟ ಅಪ್ಪ ಅಮ್ಮಂದಿರಿಗೆ ನನ್ನ ಈ ಲೆಕ್ಕ ಅನ್ವಯಿಸುವುದಿಲ್ಲ. ಅವರಿಗೆ ನೇರ ವಿಮಾನ ಸಿಕ್ಕರೆ ಅದೇ. ಸಿಗದಿದ್ದರೆ ಮೂರು ಗಂಟೆಗಿಂತ ಹೆಚ್ಚು ಅಂತರವಿರುವ ಒಂದೇ ನಿಲುಗಡೆ, ಮತ್ತು ನಡೆಯಲು ಬಂದರೂ ಸರಿ, ಟಿಕೆಟ್ ಜೊತೆಗೇ ಗಾಲಿಕುರ್ಚಿಯ ಕೋರಿಕೆ. ದಾರಿ ತೋರಿಸುವವರು ಜೊತೆಗಿರುತ್ತಾರೆ, ಅರ್ಜಿ ತುಂಬಿಸುತ್ತಾರೆ, ಬ್ಯಾಗ್ ಎತ್ತಿಕೊಟ್ಟು ಹೊರಗೆ ಮಗಳ ಕೈಗೆ ಒಪ್ಪಿಸುತ್ತಾರೆ.