ಸುರಂಗದೊಳಗೆ ಹೋದ ರೈಲು ಹೊರಗೆ ಬರಲಿಲ್ಲ: ಮಾದರಿ ರೈಲು ಲೇಔಟ್ ಮಾಡಿಸುವವರಿಗೆ ಎಚ್ಚರಿಕೆ

ಮಾದರಿ ರೈಲಿನ ಹವ್ಯಾಸವಿರುವವರು, ಅದರಲ್ಲೂ ಲೇಔಟಿನ (ಪುಟ್ಟ ರೈಲು ಓಡುವ ಹಳಿ, ಗುಡ್ಡ, ನಿಲ್ದಾಣಗಳ ಮಾದರಿಯ) ಒಂದು ಭಾಗವನ್ನು ಹಣ ಕೊಟ್ಟು ಬೇರೆಯವರಿಂದ ಮಾಡಿಸಿಕೊಳ್ಳಬೇಕೆಂದು ಯೋಚಿಸುತ್ತಿರುವವರು, ಮುಂಗಡ ಕಳುಹಿಸುವ ಮೊದಲು ದಯವಿಟ್ಟು ಇದನ್ನು ಓದಿರಿ. ಘಾಟಿ, ಸುರಂಗ, ಸೇತುವೆಗಳನ್ನು ಅಳತೆಗೆ ಸರಿಯಾಗಿ ಕಟ್ಟಿಕೊಡುತ್ತೇನೆಂದು ನಂಬಿಸಿದ ವ್ಯಕ್ತಿಯೊಬ್ಬರು ನನ್ನಿಂದ ಪೂರ್ತಿ ಹಣ ಪಡೆದು, ಒಂದೇ ಒಂದು ರೈಲೂ ಈ ತುದಿಯಿಂದ ಆ ತುದಿಗೆ ಹೋಗಲಾರದ ಗುಡ್ಡವೊಂದನ್ನು ಮನೆಗೆ ತಂದಿಳಿಸಿದ್ದಾರೆ. ಅಷ್ಟೇ ಆಗಿದ್ದರೆ ಕೆಲಸ ಬಾರದವರೆಂದು ಸುಮ್ಮನಾಗುತ್ತಿದ್ದೆನೋ ಏನೋ. ಆದರೆ ರೈಲು ಓಡಿತೆಂದು ತೋರಿಸಲು ಸುಳ್ಳು ವಿಡಿಯೊ ಮಾಡಿ ಕಳುಹಿಸಿದ್ದಾರೆ, ಅದಕ್ಕೆ ಸುಮ್ಮನಿರಲಾರೆ. ವಕೀಲರ ನೋಟಿಸು ಹೋಗಿರುವುದರಿಂದ ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅವರ ಮಾತುಗಳನ್ನು ಮಾತ್ರ ಇದ್ದ ಹಾಗೆಯೇ ಕೊಡುತ್ತೇನೆ. ಅವರೊಡನೆ ವ್ಯವಹರಿಸಿದವರಿಗೆ ಗುರುತು ಸಿಗುತ್ತದೆ.

ನನ್ನ ಲೇಔಟ್ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿಯದು. 55 ಕಿಲೋಮೀಟರಿನಲ್ಲಿ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ, 50ಕ್ಕೆ 1ರ ಏರು ಇರುವ ಈ ಮಾರ್ಗವನ್ನು ಎಚ್‌ಒ ಅಳತೆಗೆ, ಅಂದರೆ 1:87ಕ್ಕೆ ಇಳಿಸಿದರೂ 630 ಮೀಟರಿಗಿಂತ ಉದ್ದದ ಹಳಿ ಬೇಕಾಗುತ್ತದೆ. ಹಾಗಾಗಿ ಎಲ್ಲರೂ ಮಾಡುವಂತೆ ನಾನೂ ಆಯ್ದುಕೊಂಡೆ: ಎಡಕುಮೇರಿ ನಿಲ್ದಾಣ, ಒಂದು ಗರ್ಡರ್ ಸೇತುವೆ, ಎರಡು ಸುರಂಗ. ನಿಲ್ದಾಣದ ಮಾಡ್ಯೂಲನ್ನು, ಅಂದರೆ ಲೇಔಟಿನ ಆ ಬಿಡಿ ತುಂಡನ್ನು, ನಾನೇ ಕಟ್ಟಿದ್ದೇನೆ. ಕಲ್ಲುಪುಡಿಯನ್ನು ಚಹಾ ಜರಡಿಯಲ್ಲಿ ಸೋಸಿ ಹಳಿಗಳ ನಡುವೆ ಹರಡಿ, ಪಾತ್ರೆ ತೊಳೆಯುವ ದ್ರವದ ಹನಿ ಬೆರೆಸಿದ ನೀರನ್ನು ಸಿಂಪಡಿಸಿ, ತೆಳು ಮಾಡಿದ ಫೆವಿಕಾಲನ್ನು ಸಿರಿಂಜಿನಿಂದ ಇಳಿಸಿ, ಒಣಗಿದ ಮೇಲೆ ಹಳಿಯ ಪಕ್ಕಗಳಿಗೆ ತುಕ್ಕಿನ ಬಣ್ಣ ಹಚ್ಚಿದವರಿಗೆ ಆ ಕೆಲಸದ ರುಚಿ ಮತ್ತು ಬೆನ್ನುನೋವು ಎರಡೂ ಗೊತ್ತಿರುತ್ತವೆ. ಮೂರು ಭಾಷೆಯ ಹಳದಿ ನಾಮಫಲಕವನ್ನೂ ಕೈಯಾರೆ ಮಾಡಿದ್ದೆ. ಘಾಟಿಯ ಗುಡ್ಡಕ್ಕೆ ಮಾತ್ರ ನನ್ನ ಕೊಠಡಿಯಲ್ಲಿ ಜಾಗವೂ ಇರಲಿಲ್ಲ, ಪಿಒಪಿಯ ಧೂಳಿಗೆ ಮನೆಯವರ ಒಪ್ಪಿಗೆಯೂ ಇರಲಿಲ್ಲ. ಅದಕ್ಕಾಗಿಯೇ ಈ ಮಹಾಶಯರನ್ನು ಸಂಪರ್ಕಿಸಿದ್ದು.

ಇಂಥ ವ್ಯವಹಾರ ಹೇಗೆ ನಡೆಯುತ್ತದೆಂಬುದು ಬಲ್ಲವರಿಗೆ ಗೊತ್ತಿದೆ. ಅಳತೆಯ ನಕ್ಷೆ ಹೋಗುತ್ತದೆ, ಅರ್ಧ ಹಣ ಮುಂಗಡವಾಗಿ ಹೋಗುತ್ತದೆ, ಚೌಕಟ್ಟು ಮತ್ತು ಹಳಿ ಆದಾಗ ಫೋಟೊ ಬರುತ್ತದೆ, ಕೊನೆಯಲ್ಲಿ ರೈಲು ಓಡಿಸಿದ ವಿಡಿಯೊ ಬಂದ ಮೇಲೆ ಉಳಿದ ಹಣ ಹೋಗುತ್ತದೆ. ನನ್ನ ನಕ್ಷೆಯಲ್ಲಿ ಮೂರು ಅಂಕಿಗಳನ್ನು ಕೆಂಪು ಶಾಯಿಯಲ್ಲಿ ಬರೆದಿದ್ದೆ: ಮಾಡ್ಯೂಲಿನ ಉದ್ದ 2.4 ಮೀಟರ್, ಏರು 50ಕ್ಕೆ 1, ತಿರುವಿನ ತ್ರಿಜ್ಯ 30 ಇಂಚಿಗೆ ಕಡಿಮೆ ಇರಬಾರದು. ಸುರಂಗದ ಹಿಂಬದಿಯಲ್ಲಿ ಕೈ ಹಾಕುವಷ್ಟು ಬಾಗಿಲು ಇರಬೇಕೆಂದೂ ಬರೆದಿದ್ದೆ. ಅವರು ಅದಕ್ಕೆ "ಓಕೆ ಸರ್, ನೋಟೆಡ್" ಎಂದು ಉತ್ತರಿಸಿದ ಸಂದೇಶ ಈಗಲೂ ನನ್ನ ಬಳಿ ಇದೆ.

ತಿರುವಿನ ಬಗ್ಗೆ ಅಷ್ಟು ಒತ್ತಿ ಹೇಳಲು ಕಾರಣವಿತ್ತು. ಈಗಿನ ಉದ್ದನೆಯ ಪ್ರಯಾಣಿಕ ಬೋಗಿಯಾದ ಎಲ್‌ಎಚ್‌ಬಿಯ ಉದ್ದ 23.54 ಮೀಟರ್, ನಮ್ಮ ಅಳತೆಯಲ್ಲಿ 27 ಸೆಂಟಿಮೀಟರ್. ಅಷ್ಟು ಉದ್ದದ ಬೋಗಿ ತಿರುವಿನಲ್ಲಿ ಹೋಗುವಾಗ ಅದರ ನಡುಭಾಗ ಒಳಬದಿಗೆ, ತುದಿಗಳು ಹೊರಬದಿಗೆ ಚಾಚಿಕೊಳ್ಳುತ್ತವೆ. 30 ಇಂಚಿನ ತಿರುವಿನಲ್ಲಿ ಈ ಚಾಚು ಒಳಬದಿಗೆ ಸುಮಾರು 5, ಹೊರಬದಿಗೆ 7 ಮಿಲಿಮೀಟರ್. 18 ಇಂಚಿಗೆ ಇಳಿಸಿದರೆ 8 ಮತ್ತು 12 ಆಗುತ್ತದೆ. ಬಯಲಿನಲ್ಲಿ ಇದು ನೋಡಲು ವಿಕಾರ, ಅಷ್ಟೆ. ಸುರಂಗದಲ್ಲಿ ಬೋಗಿ ಗೋಡೆಗೆ ಉಜ್ಜುತ್ತದೆ.

ವಿಡಿಯೊ ಬಂತು. ನನ್ನ ಗುಡ್ಡವೇ, ನನ್ನ ಸುರಂಗವೇ. ಎಂಜಿನ್ ಹೆಡ್‌ಲೈಟ್ ಹಾಕಿಕೊಂಡು ಬಂದು ಸುರಂಗವನ್ನು ಹೊಕ್ಕಿತು, ಕ್ಯಾಮೆರಾ ನಿಧಾನವಾಗಿ ಗುಡ್ಡದ ಹಸಿರಿನ ಮೇಲೆ ಹರಿದು ಆಚೆಯ ಬಾಯಿಗೆ ಹೋಯಿತು, ಎಂಜಿನ್ ಹೊರಗೆ ಬಂತು. ಹಿನ್ನೆಲೆಯಲ್ಲಿ ಕೊಳಲಿನ ಸಂಗೀತ ಬೇರೆ! ಅದನ್ನು ಮನೆಯವರಿಗೂ, ಗೆಳೆಯರಿಗೂ ಹೆಮ್ಮೆಯಿಂದ ತೋರಿಸಿ ಅಂದು ರಾತ್ರಿಯೇ ಉಳಿದ ಹಣವನ್ನು ಕಳುಹಿಸಿದೆ.

ಟೆಂಪೊದಿಂದ ಇಳಿಸಿದ ಕೂಡಲೇ ಏರು ಕಣ್ಣಿಗೆ ಹೊಡೆಯಿತು. 50ಕ್ಕೆ 1 ಎಂದರೆ 2.4 ಮೀಟರಿಗೆ ಐದು ಸೆಂಟಿಮೀಟರೂ ಏರಬಾರದು. ಇದು ಹತ್ತು ಸೆಂಟಿಮೀಟರಿನ ಹತ್ತಿರ ಏರಿತ್ತು. ಪಕ್ಕದ ಮಾಡ್ಯೂಲಿನ ಕಾಲುಗಳ ಕೆಳಗೆ ಮರದ ತುಂಡುಗಳನ್ನು ಕೊಡದೆ ಹಳಿಗಳು ಕೂಡಲೇ ಇಲ್ಲ. ಫೋನ್ ಮಾಡಿ ಕೇಳಿದರೆ ಬಂದ ಉತ್ತರವಿದು: "ಘಾಟಿ ಅಂದ್ಮೇಲೆ ಏರು ಇರಲೇಬೇಕಲ್ಲ ಸರ್." ನಾನು ನಕ್ಷೆಯ ಅಂಕಿಯನ್ನು ಓದಿ ಹೇಳಿದೆ. "ಫ್ಲಾಟಾಗಿ ಇದ್ರೆ ಘಾಟಿ ಫೀಲ್ ಬರಲ್ಲ ಸರ್, ನಿಮ್ಮ ಒಳ್ಳೇದಕ್ಕೇ ಸ್ವಲ್ಪ ಜಾಸ್ತಿ ಕೊಟ್ಟಿದ್ದೀನಿ." ಘಾಟಿಯ ಅನುಭವ ಬರಲೆಂದು ಏರನ್ನು ಎರಡು ಪಟ್ಟು ಮಾಡುವ ಎಂಜಿನಿಯರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇನ್ನು ಮರಗಳು. ಎಡಕುಮೇರಿಯ ನಿತ್ಯಹರಿದ್ವರ್ಣ ಕಾಡಿನ ಜಾಗದಲ್ಲಿ ಸಾಲುಸಾಲಾಗಿ ಪೈನ್ ಮರಗಳು ನಿಂತಿದ್ದವು. ಅದನ್ನು ಆಮೇಲೆ ಕಿತ್ತರಾಯಿತು ಎಂದುಕೊಂಡು, ರೈಲು ಓಡಿದರೆ ಸಾಕೆಂಬ ಸಮಾಧಾನದಲ್ಲಿ ಹವ್ಯಾಸದ ಗೆಳೆಯರನ್ನು ಮೊದಲ ಓಟಕ್ಕೆ ಕರೆದೆ. ಅವರಲ್ಲಿ ಕೆಲವರು ದೂರದಿಂದ ಬಂದಿದ್ದರು, ಒಬ್ಬರು ಮೊಮ್ಮಗನನ್ನೂ ಕರೆತಂದಿದ್ದರು. ಡಬ್ಲ್ಯುಡಿಜಿ-4 ಎಂಜಿನ್ ಮುಂದೆ, ಎಲ್‌ಎಚ್‌ಬಿ ಬೋಗಿಗಳು ಹಿಂದೆ. ನಿಲ್ದಾಣ ಬಿಟ್ಟು, ಏರಿನಲ್ಲಿ ಚಕ್ರ ಜಾರುತ್ತ, ಕೈಯಿಂದ ಸ್ವಲ್ಪ ತಳ್ಳಿಸಿಕೊಂಡು, ರೈಲು ಸುರಂಗವನ್ನು ಹೊಕ್ಕಿತು. ಎಲ್ಲರೂ ಆಚೆಯ ಬಾಯಿಗೆ ಮೊಬೈಲ್ ಹಿಡಿದು ನಿಂತರು. ರೈಲು ಬರಲಿಲ್ಲ. ಒಳಗೆ ಏನೋ ಕಟಕಟ ಎಂದಿತು, ಶಾರ್ಟ್ ಆಗಿ, ಹಳಿಗೆ ವಿದ್ಯುತ್ ಕೊಡುವ ಡಿಸಿಸಿ ಬೂಸ್ಟರ್ ಕಡಿತಗೊಂಡಿತು, ಎಂಜಿನ್ನಿನ ಶಬ್ದ ಥಟ್ಟನೆ ನಿಂತಿತು. ಮೊಬೈಲುಗಳು ಮಾತ್ರ ಇನ್ನೂ ಹಿಡಿದೇ ಇದ್ದವು. "ಸಿಂಗಲ್ ಲೈನ್ ತಾನೇ, ಕ್ರಾಸಿಂಗ್ ಇರಬೇಕು" ಎಂದು ಒಬ್ಬರು ನಗಿಸಲು ನೋಡಿದರು. ನನಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

ಹಿಂಬದಿಗೆ ಹೋಗಿ ಬಾಗಿಲನ್ನು ಹುಡುಕಿದೆ. ಬಾಗಿಲೇ ಇರಲಿಲ್ಲ! "ನೋಟೆಡ್" ಎಂದು ಬರೆದವರು ಗುಡ್ಡವನ್ನು ಎಲ್ಲ ಕಡೆಯಿಂದಲೂ ಪಿಒಪಿ ಬಟ್ಟೆಯಿಂದ ಮುಚ್ಚಿ, ಮೇಲೆ ಹುಲ್ಲು ಅಂಟಿಸಿದ್ದರು. ಗೆಳೆಯರ ಎದುರಿಗೇ, ನೆರಳಿಗೆ ಬಣ್ಣದ ಮೇಲೆ ಬಣ್ಣ ಕೊಟ್ಟಿದ್ದ ಆ ಗುಡ್ಡವನ್ನು ಚಾಕುವಿನಿಂದ ಕೊಯ್ಯಬೇಕಾಯಿತು. ಒಳಗೆ ಕಂಡದ್ದನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಮೋಸವಿದ್ದದ್ದು ಅಲ್ಲಿಯೇ. ತಿರುವು ಹೊರಗೆ ಕಾಣುವಷ್ಟು ದೂರ ಮಾತ್ರ ನನ್ನ ನಕ್ಷೆಯಂತಿತ್ತು. ಕತ್ತಲೆ ಶುರುವಾದಲ್ಲಿಂದ ಅದು 18 ಇಂಚಿಗೆ ಮುದುಡಿಕೊಂಡಿತ್ತು. ತಿರುವಿನ ನಟ್ಟನಡುವೆ ಎರಡು ಫ್ಲೆಕ್ಸ್ ಟ್ರ್ಯಾಕ್ (ಬಾಗಿಸಬಹುದಾದ ಹಳಿ) ತುಂಡುಗಳನ್ನು ಬೆಸುಗೆಯಿಲ್ಲದೆ, ಒಂದು ಬದಿಯಲ್ಲಿ ಹಳಿಗಳನ್ನು ಜೋಡಿಸುವ ಜಾಯಿನರ್ ಕೂಡ ಇಲ್ಲದೆ, ಬಿಸಿ ಅಂಟಿನಿಂದ ಕೂಡಿಸಿದ್ದರು. ಒಂದು ಹಳಿ ಇನ್ನೊಂದಕ್ಕಿಂತ ಮೇಲೆದ್ದು ನಿಂತಿತ್ತು. ಸುರಂಗದೊಳಗೆ ಹಳಿಗೆ ವಿದ್ಯುತ್ ತರುವ ಫೀಡರ್ ವೈರಿನ ಸುಳಿವೇ ಇರಲಿಲ್ಲ. ಥರ್ಮೋಕಾಲ್ ಗೋಡೆ ಬೋಗಿಗೆ ತಗಲುವಷ್ಟು ಹತ್ತಿರವಿತ್ತು. ಎಂಜಿನ್ ಅಡ್ಡ ಬಿದ್ದಿತ್ತು, ಅದರ ಹಿಡಿಕಂಬಿ ಮುರಿದಿತ್ತು, ಕಪ್ಲಿಂಗ್ ಕಳಚಿತ್ತು. ಈ ಎಂಜಿನ್ನಿಗಾಗಿ ನಾನು ಎಷ್ಟು ಕಾಲ ಹಣ ಕೂಡಿಟ್ಟಿದ್ದೆನೆಂಬುದು ಅಂದು ಬಂದಿದ್ದವರಿಗೆಲ್ಲ ಗೊತ್ತು.

ಫೋಟೊಗಳ ಸಮೇತ ಕಳುಹಿಸಿದ ದೂರಿಗೆ ಬಂದ ಉತ್ತರಗಳನ್ನು ಓದಿರಿ. ಮೊದಲನೆಯದು: "ನಮ್ ವರ್ಕ್‌ಶಾಪಲ್ಲಿ ಓಡಿತ್ತು ಸರ್, ಟ್ರಾನ್ಸ್‌ಪೋರ್ಟಲ್ಲಿ ಅಲುಗಾಡಿರಬೇಕು." ಟೆಂಪೊ ಅಲುಗಿದರೆ ತಿರುವಿನ ತ್ರಿಜ್ಯ 30 ಇಂಚಿನಿಂದ 18 ಇಂಚಿಗೆ ಇಳಿಯುತ್ತದೆಯೇ ಎಂದು ಕೇಳಿದೆ. "ನಿಮ್ ಬೋಗಿ ಉದ್ದ ಜಾಸ್ತಿ ಸರ್. ಎಲ್‌ಎಚ್‌ಬಿ ಬಿಡಿ, ಚಿಕ್ಕ ವ್ಯಾಗನ್ ಓಡ್ಸಿ." ಬೋಗಿಯ ಉದ್ದ ನಕ್ಷೆಯಲ್ಲಿಯೇ ಇತ್ತಲ್ಲ ಎಂದೆ. ಆಗ ಬಂದ ಉತ್ತರವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ: "ಅಳತೆ ಅಳತೆ ಅಂತೀರಲ್ಲ ಸರ್, ಬ್ರಾಡ್ ಗೇಜ್ ರೈಲನ್ನ ಹದಿನಾರೂವರೆ ಮಿಲಿಮೀಟರ್ ಹಳಿ ಮೇಲೆ ಓಡಿಸ್ತಿರೋರು ನೀವೇ ತಾನೇ?"

ತಿಳಿಯದವರಿಗಾಗಿ ಹೇಳುತ್ತೇನೆ: ನಮ್ಮ ಬ್ರಾಡ್ ಗೇಜ್ 1676 ಮಿಲಿಮೀಟರ್, 1:87ರಲ್ಲಿ ಅದು 19 ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚಾಗಬೇಕು. ಮಾರುಕಟ್ಟೆಯಲ್ಲಿ ಸಿಗುವ ಎಚ್‌ಒ ಹಳಿ 1435 ಮಿಲಿಮೀಟರಿನ ಸ್ಟ್ಯಾಂಡರ್ಡ್ ಗೇಜಿನದು, ಅಂದರೆ 16.5 ಮಿಲಿಮೀಟರ್. ಭಾರತದ ರೈಲುಗಳನ್ನು ಈ ಅಳತೆಯಲ್ಲಿ ಓಡಿಸುವವರಲ್ಲಿ ಬಹುತೇಕರು ಬೇರೆ ದಾರಿಯಿಲ್ಲದೆ ಈ ರಾಜಿಯನ್ನು ಒಪ್ಪಿದ್ದೇವೆ. ನಾವೆಲ್ಲ ಒಪ್ಪಿಕೊಂಡ ರಾಜಿಯನ್ನೇ ತನ್ನ ಕಳಪೆ ಕೆಲಸಕ್ಕೆ ಗುರಾಣಿ ಮಾಡಿಕೊಂಡ ಆ ಜಾಣತನ ನನ್ನನ್ನು ಹಣ ಹೋದದ್ದಕ್ಕಿಂತಲೂ ಹೆಚ್ಚು ಉರಿಸಿತು. ಕೊನೆಯ ಸಂದೇಶ ಹೀಗಿತ್ತು: "ಹವ್ಯಾಸ ಅಲ್ವಾ ಸರ್, ಟೆನ್ಶನ್ ಯಾಕೆ? ಸರಿ ಮಾಡ್ಬೇಕಂದ್ರೆ ಮಾಡಿಫಿಕೇಶನ್ ಚಾರ್ಜ್ ಬೇರೆ ಆಗತ್ತೆ." ಅದರ ನಂತರ ನೀಲಿ ಟಿಕ್ ಮಾತ್ರ.

ರೈಲು ಆ ಸುರಂಗವನ್ನು ದಾಟುವುದೇ ಸಾಧ್ಯವಿರಲಿಲ್ಲವಾದರೆ ವಿಡಿಯೊದಲ್ಲಿ ಹೇಗೆ ದಾಟಿತು? ಆ ರಾತ್ರಿ ಅದನ್ನು ಮತ್ತೆ ಮತ್ತೆ ನೋಡಿದೆ. ಒಳಗೆ ಹೋಗುವಾಗ ಎಂಜಿನ್ನಿನ ಹಿಂದೆ ಆರು ಬೋಗಿಗಳಿವೆ, ಮೊದಲನೆಯದು ಜನರಲ್ ಬೋಗಿ. ಹೊರಗೆ ಬರುವಾಗ ನಾಲ್ಕೇ ಇವೆ, ಮೊದಲನೆಯದು ಪಾರ್ಸಲ್ ವ್ಯಾನ್! ಕ್ಯಾಮೆರಾ ಹಸಿರಿನ ಮೇಲೆ ಹರಿಯುವಾಗ ಒಂದು ಕ್ಷಣ ಚಿತ್ರ ತುಂಡಾಗುತ್ತದೆ. ಕೊಳಲಿನ ಸಂಗೀತ ಅದನ್ನು ಮುಚ್ಚಿಹಾಕುತ್ತದೆ. ರೈಲನ್ನು ಈ ಬಾಯಿಂದ ಒಳಗೆ ಬಿಟ್ಟು ಚಿತ್ರೀಕರಿಸಿ, ಆಮೇಲೆ ಆ ಬಾಯಿಯೊಳಗೆ ಬೇರೆ ರೈಲನ್ನು ಇಟ್ಟು ಹೊರಗೆ ಬಿಟ್ಟು ಚಿತ್ರೀಕರಿಸಿ, ಎರಡನ್ನೂ ಅಂಟಿಸಿದ್ದಾರೆ. ಇದನ್ನು ಕೈತಪ್ಪು ಎನ್ನಲಾಗದು. ರೈಲು ದಾಟುವುದಿಲ್ಲವೆಂದು ಅವರಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಸಂಗೀತ ಹಾಕಿ ಕಳುಹಿಸಿದರು, ಗೊತ್ತಿದ್ದೂ ಹಣ ತೆಗೆದುಕೊಂಡರು.

ಆಮೇಲೆ ಒಂದೊಂದೇ ಹೊರಬಂತು. ಅವರು ಆರಂಭದಲ್ಲಿ "ನಮ್ಮ ಹಿಂದಿನ ಘಾಟಿ ಕೆಲಸ" ಎಂದು ಕಳುಹಿಸಿದ್ದ ಫೋಟೊಗಳಲ್ಲಿ ತಿರುವಿನಲ್ಲಿ ನಿಂತ ಎತ್ತರದ ಕಲ್ಲಿನ ಕಮಾನು ಸೇತುವೆಯೊಂದು ನೇರವಾಗಿ ಬಂಡೆಯ ಸುರಂಗದೊಳಗೆ ಸೇರುತ್ತಿತ್ತು. ನಮ್ಮ ಬಳಗದ ಹಿರಿಯರೊಬ್ಬರು ನೋಡಿದ ಕೂಡಲೇ ಕಮಾನುಗಳನ್ನು ಎಣಿಸಿ ಆರು ಎಂದರು. ಅದು ಸ್ವಿಟ್ಜರ್ಲೆಂಡಿನ ಲ್ಯಾಂಡ್‌ವಾಸರ್ ಸೇತುವೆಯ ಮಾದರಿ. 1902ರ ಹೊತ್ತಿಗೆ ಕಟ್ಟಿ ಮುಗಿಸಿದ, 65 ಮೀಟರ್ ಎತ್ತರದ ಆ ಸೇತುವೆ ಮಾದರಿ ರೈಲಿನವರಿಗೆಲ್ಲ ಅಚ್ಚುಮೆಚ್ಚು. ಯಾರೋ ಪುಣ್ಯಾತ್ಮರು ಶ್ರಮಪಟ್ಟು ಕಟ್ಟಿದ್ದರ ಫೋಟೊವನ್ನು ಇವರು ಹಸಿರು ಹೆಚ್ಚಿಸಿ, ರೈಲಿನ ಭಾಗವನ್ನು ಕತ್ತರಿಸಿ, ಸಕಲೇಶಪುರವೆಂದು ಮಾರಿದ್ದರು. ಪೈನ್ ಮರಗಳು ಎಲ್ಲಿಂದ ಬಂದವೆಂಬುದು ಆಗ ತಿಳಿಯಿತು.

ಇಂಥವರು ಬೆಳೆಯಲು ಪರಿಸ್ಥಿತಿಯೂ ನೆರವಾಗಿದೆ. ಕಸ್ಟಮ್ಸ್ ಲೆಕ್ಕದಲ್ಲಿ ನಮ್ಮ ಎಂಜಿನ್ನುಗಳು ಆಟಿಕೆಗಳ ಸಾಲಿಗೆ ಸೇರುತ್ತವೆ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿತು. ಹೊರಗಿನಿಂದ ತರಿಸುವುದು ಕೈಗೆಟುಕದಂತಾದ ಮೇಲೆ, ಊರಲ್ಲೇ ಮಾಡಿಕೊಡುತ್ತೇನೆ ಎಂದವರಿಗೆಲ್ಲ ನಾವು ಕಿವಿಗೊಡುತ್ತೇವೆ. ಪ್ರಾಮಾಣಿಕವಾಗಿ ಕೆಲಸ ಮಾಡುವ ಕೈಗಳೂ ಇವೆ, ಅವರ ಹೆಸರು ಕೆಡುವುದೂ ಇಂಥವರಿಂದಲೇ.

ಬಿಲ್ ಕೇಳಿದ್ದಕ್ಕೆ ಬಿಳಿ ಹಾಳೆಯಲ್ಲಿ "ಕ್ರಾಫ್ಟ್ ವರ್ಕ್" ಎಂದು ಬರೆದು ಕಳುಹಿಸಿದ್ದರು. ಯುಪಿಐ ಖಾತೆಯೂ ಬೇರೆ ಯಾರದೋ ಹೆಸರಿನಲ್ಲಿತ್ತು. ಆದರೂ ಸಂದೇಶಗಳು, ನಕ್ಷೆ, ವಿಡಿಯೊ ಎಲ್ಲವೂ ಇರುವುದರಿಂದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾವು ವಾಸಿಸುವ ಊರಿನ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಮಾರಾಟಗಾರನ ಊರಿಗೆ ಅಲೆಯಬೇಕಿಲ್ಲ.

ನೀವು ಮಾಡಿಸುವುದಿದ್ದರೆ ನಿಮ್ಮ ಅತಿ ಉದ್ದದ ಬೋಗಿಯನ್ನು ಅವರಿಗೆ ಕೊಟ್ಟು ಅದನ್ನೇ ಓಡಿಸಿ ತೋರಿಸಲು ಹೇಳಿರಿ. ಸಂಗೀತವಿಲ್ಲದ, ತುಂಡಾಗದ, ಸುರಂಗದ ಎರಡೂ ಬಾಯಿಗಳು ಒಟ್ಟಿಗೆ ಕಾಣುವ ವಿಡಿಯೊವನ್ನಷ್ಟೇ ಒಪ್ಪಿರಿ. ಗುಡ್ಡ ಮುಚ್ಚುವ ಮೊದಲು ಒಳಗಿನ ಹಳಿಯ ಫೋಟೊ ಬಾರದಿದ್ದರೆ ಒಂದು ರೂಪಾಯಿಯನ್ನೂ ಕಳುಹಿಸಬೇಡಿರಿ. "ನೋಟೆಡ್" ಎಂದವರನ್ನಂತೂ ನಾನು ಇನ್ನು ನಂಬುವುದಿಲ್ಲ.

ಇದನ್ನು ಇಂದೇ ಬರೆಯಲು ಕಾರಣವೆಂದರೆ, ಕಳೆದ ವಾರ ಪರಿಚಿತರೊಬ್ಬರಿಗೆ ಇದೇ ಮಹಾಶಯರಿಂದ ಒಂದು ವಿಡಿಯೊ ಬಂದಿದೆ. "ದೂಧಸಾಗರ ಘಾಟಿ ಮಾಡ್ಯೂಲ್, ಸಿದ್ಧವಾಗಿದೆ, ಅರ್ಧ ಹಣ ಕೊಟ್ಟು ಕಾದಿರಿಸಿ" ಎಂದು ಅದರ ಕೆಳಗೆ ಬರೆದಿದೆ. ಅದೇ ಗುಡ್ಡ, ಅದೇ ಪೈನ್ ಮರ, ಅದೇ ಕೊಳಲು. ಒಳಗೆ ಹೋಗುವ ಆರು ಬೋಗಿ, ಹೊರಗೆ ಬರುವ ನಾಲ್ಕು ಬೋಗಿ. ಆ ಗುಡ್ಡ ಹೊಟ್ಟೆ ಕೊಯ್ಯಿಸಿಕೊಂಡು ನನ್ನ ಕೊಠಡಿಯಲ್ಲಿ ಬಿದ್ದಿದೆ, ಮಾರಲು ಅವರ ಬಳಿ ಇಲ್ಲವೇ ಇಲ್ಲ. ಅದಕ್ಕೆ ಯಾರಾದರೂ ಮುಂಗಡ ಕಳುಹಿಸಿದ್ದರೆ ತಡಮಾಡದೆ ಬ್ಯಾಂಕಿಗೆ ತಿಳಿಸಿ, 1930 ಸೈಬರ್ ವಂಚನೆ ಸಹಾಯವಾಣಿಗೆ ಕರೆ ಮಾಡಿರಿ. ಅವರ ಸಂದೇಶಗಳ ಸ್ಕ್ರೀನ್‌ಶಾಟನ್ನು ನನಗೂ ಕಳುಹಿಸಿದರೆ ನನ್ನ ದೂರಿನ ಜೊತೆಗೆ ಸೇರಿಸುತ್ತೇನೆ.