ಸ್ವೀಡ್ ಸೀಟಿಗೆ ಚರ್ಮದ ಪಾಲಿಶ್ ಹಚ್ಚುವವರಿದ್ದಾರೆ, ಎಚ್ಚರ!

ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆಯ ಕಾರಿನವರೆಲ್ಲ ದಯವಿಟ್ಟು ಇದನ್ನು ಓದಿ. ಸ್ಟೀರಿಂಗಿಗೋ ಸೀಟಿಗೋ ಸ್ವೀಡ್, ಅಂದರೆ ಮಖಮಲ್ಲಿನಂತೆ ನವಿರಾದ ಎಳೆಗಳಿರುವ ಬಟ್ಟೆ, ಇರುವವರಂತೂ ಪೂರ್ತಿ ಓದಿ. ಚೆನ್ನಾಗಿದ್ದ ಸೀಟುಗಳನ್ನು ಹಾಳು ಮಾಡಿ, ಹಾಳು ಮಾಡಿದ್ದಕ್ಕೆ ನನ್ನಿಂದಲೇ 6,500 ರೂಪಾಯಿ ತೆಗೆದುಕೊಂಡು, ಈಗ ನನ್ನ ಫೋನನ್ನೂ ಎತ್ತದ ಅಂಗಡಿಯೊಂದರ ಕಥೆ ಇದು. ಅಂಗಡಿಯ ಹೆಸರು ಇಲ್ಲಿ ಬರೆಯುತ್ತಿಲ್ಲ. ಹೆಸರು ಹೋಗಬೇಕಾದ ಕಡೆ ದೂರಿನ ಜೊತೆಗೇ ಹೋಗುತ್ತದೆ.

ಕಾರು ಬೆಂಗಳೂರಿನಿಂದ ತಂದ ಸೆಕೆಂಡ್ ಹ್ಯಾಂಡ್. ಸ್ಟೀರಿಂಗ್, ಸೀಟುಗಳ ನಡುಭಾಗ, ಬಾಗಿಲಿನ ಒಳಪಟ್ಟಿ ಎಲ್ಲವೂ ಕಪ್ಪು ಬೂದು ಬಣ್ಣದ ಸಿಂಥೆಟಿಕ್ ಸ್ವೀಡ್. ಇದ್ದ ತೊಂದರೆ ಬಹಳ ಸಣ್ಣದು. ಕೈ ಬೆವರು ತಾಗಿ ತಾಗಿ ಸ್ಟೀರಿಂಗಿನ ಮೇಲ್ಭಾಗ ಮಿರುಗುತ್ತಿತ್ತು, ಚಾಲಕನ ಸೀಟಿನ ಅಂಚಿನಲ್ಲಿ ಎಳೆಗಳು ಅಲ್ಲಲ್ಲಿ ಉಂಡೆ ಕಟ್ಟಿದ್ದವು, ಹಿಂದಿನ ಸೀಟಿನ ಮೂಲೆಯಲ್ಲಿ ಅಡಿಕೆ ಬೇಯಿಸಿದ ನೀರಿನ, ಅಂದರೆ ಚೊಗರಿನ, ಒಂದು ಕಲೆ ಇತ್ತು. ಅಷ್ಟೇ. ಶಿವಮೊಗ್ಗದ ಹೊರವಲಯದಲ್ಲಿ ಕಾರಿನ ಒಳಹೊರಗನ್ನು ಶುಚಿ ಮಾಡಿ ಹೊಳಪು ಕೊಡುವ ಒಂದು ಡಿಟೇಲಿಂಗ್ ಅಂಗಡಿ ಇದೆ, ಸ್ವೀಡ್ ಕೆಲಸ ಮಾಡುತ್ತಾರೆ ಎಂದು ಬೋರ್ಡಿನಲ್ಲಿಯೇ ಬರೆದುಕೊಂಡಿದ್ದಾರೆ. ಅಲ್ಲಿಗೆ ಹೋದೆ.

ಮಾಲೀಕ ಸೀಟಿನ ಮೇಲೆ ಕೈಯಾಡಿಸಿದ. "ಇದು ಒರಿಜಿನಲ್ ಇಟಲಿ ಮಾಲು ಸಾರ್. ಇದಕ್ಕೆ ಬೇರೆಯೇ ಟ್ರೀಟ್‌ಮೆಂಟ್ ಇದೆ. ಜಿಲ್ಲೆಯಲ್ಲಿ ನಮ್ಮನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ" ಎಂದ. ಮಳೆಗಾಲ, ಒದ್ದೆಯಾದರೆ ಒಣಗುವುದಿಲ್ಲ, ನೀರು ಹೆಚ್ಚು ಬಳಸುವುದಿಲ್ಲ ತಾನೇ ಎಂದು ನಾನು ಬಿಡಿಸಿ ಕೇಳಿದೆ. "ನೀರೇ ಮುಟ್ಟಿಸುವುದಿಲ್ಲ ಸಾರ್" ಎಂದ. ಈ ಮಾತನ್ನು ನೆನಪಿಟ್ಟುಕೊಳ್ಳಿ. ನೀರೇ ಮುಟ್ಟಿಸುವುದಿಲ್ಲ ಎಂದು ಅವನ ಬಾಯಿಂದ ಬಂದ ಮಾತು. ಅಡ್ವಾನ್ಸ್ ಕೊಟ್ಟು ಕಾರು ಬಿಟ್ಟುಬಂದೆ.

ಕಾರು ಕೈಗೆ ಸಿಕ್ಕಿದ್ದು ಕತ್ತಲಾದ ಮೇಲೆ. ಅಂಗಡಿಯ ಬಿಳಿ ದೀಪದ ಕೆಳಗೆ ಸೀಟು ಕಡುಕಪ್ಪಾಗಿ, ಒಂದೇ ಸಮನಾಗಿ ಕಾಣುತ್ತಿತ್ತು. ಬಾಗಿಲು ತೆರೆದರೆ ಸೆಂಟಿನ ವಾಸನೆ ಮೂಗಿಗೆ ಹೊಡೆಯುವಷ್ಟು. "ನೋಡಿ ಸಾರ್, ಶೋರೂಮಿನಿಂದ ಬಂದ ಹಾಗೆ!" ಎಂದ. ಕೈಯಿಟ್ಟರೆ ಸ್ವಲ್ಪ ತಂಪು ಎನಿಸಿತು. ಕೇಳಿದ್ದಕ್ಕೆ "ಅದು ಟ್ರೀಟ್‌ಮೆಂಟಿನ ತಂಪು, ಬೆಳಗಾಗುವುದರೊಳಗೆ ಸೆಟ್ ಆಗುತ್ತದೆ" ಎಂದ. ಟ್ರೀಟ್‌ಮೆಂಟಿನ ತಂಪು! ಬಾಕಿ ಹಣವನ್ನು ಪಾವತಿಸಿದೆ. ಬಿಲ್ ಕೇಳಿದರೆ ಒಂದು ಚೀಟಿಯಲ್ಲಿ "ಇಂಟೀರಿಯರ್ ಕೆಲಸ" ಎಂದು ಬರೆದುಕೊಟ್ಟ.

ಬೆಳಗಿನ ಬಿಸಿಲಿನಲ್ಲಿ ನೋಡಿದಾಗ ನಿಜ ಕಂಡಿತು. ಸ್ವೀಡ್ ಎಂದರೆ ಬೆರಳಾಡಿಸಿದ ಕಡೆ ಬಣ್ಣ ತಿಳಿಯಾಗಿ, ಮತ್ತೆ ಸವರಿದರೆ ಗಾಢವಾಗಬೇಕು, ನವಿರಾದ ಎಳೆಗಳು ಎದ್ದು ನಿಲ್ಲಬೇಕು. ಇಲ್ಲಿ ಎಳೆಯೆಂಬುದೇ ಇರಲಿಲ್ಲ. ಸೀಟೆಲ್ಲ ಎಣ್ಣೆ ಸವರಿದ ದೋಸೆಹಂಚಿನಂತೆ ಹೊಳೆಯುತ್ತಿತ್ತು. ಸ್ಟೀರಿಂಗ್ ಹಿಡಿದರೆ ಕೈ ಜಾರುತ್ತಿತ್ತು. ಆಗುಂಬೆ ಘಾಟಿ ಇಳಿಯುವವರು ಯೋಚಿಸಿ, ತಿರುವಿನಲ್ಲಿ ಸ್ಟೀರಿಂಗ್ ಕೈಯಿಂದ ಜಾರಿದರೆ ಏನಾಗುತ್ತದೆ? ಅದರ ಮೇಲೆ, ಪಕ್ಕದ ಸೀಟಿನಲ್ಲಿ ಯಾರೂ ಇಲ್ಲದಿದ್ದರೂ ಬೆಲ್ಟ್ ಹಾಕಿ ಎಂಬ ಸೂಚನೆ ಹೊಡೆದುಕೊಳ್ಳತೊಡಗಿತು. ಸೀಟಿನ ಒಳಗಿರುವ ಸೆನ್ಸರಿನವರೆಗೂ ನೀರು ಇಳಿದಿತ್ತು. ನೀರೇ ಮುಟ್ಟಿಸುವುದಿಲ್ಲ ಎಂದಿದ್ದನಲ್ಲ?

ಫೋನ್ ಮಾಡಿದೆ. "ಸೆಟ್ ಆಗಲು ಸಮಯ ಬೇಕು ಸಾರ್, ಆತುರ ಮಾಡಬೇಡಿ" ಎಂದ. ಆಗಲಿ ಎಂದು ಕಾದೆ.

ಆ ವಾರವೇ ಕೊಪ್ಪದಲ್ಲಿ ನೆಂಟರ ಮನೆಯ ಗೃಹಪ್ರವೇಶ. ಶ್ರಾವಣದ ಮಳೆ, ಕಿಟಕಿ ತೆರೆಯುವ ಹಾಗಿಲ್ಲ. ಸೆಂಟು ಇಳಿದು ಅದರ ಅಡಿಯಿಂದ ಮುಗ್ಗಲು ವಾಸನೆ ಏಳುತ್ತಿತ್ತು. ಅತ್ತೆಯವರು ಮೂಗಿಗೆ ಸೆರಗು ಹಿಡಿದುಕೊಂಡು ದಾರಿಯುದ್ದಕ್ಕೂ ಒಂದು ಮಾತೂ ಆಡದೆ ಕುಳಿತಿದ್ದರು. ಇಳಿದ ಮೇಲೆ ನೋಡಿದರೆ ಅವರ ತಿಳಿಹಳದಿ ರೇಷ್ಮೆ ಸೀರೆಯ ಹಿಂಭಾಗದಲ್ಲಿ ಅಂಗೈಯಗಲದ ಎಣ್ಣೆಯ ಕಲೆ. ನೆಂಟರೆಲ್ಲ ಬಾಗಿಲಲ್ಲೇ ನಿಂತಿದ್ದರು. ನನ್ನ ಹೆಂಡತಿ ಅವರನ್ನು ಹಿಂದಿನಿಂದ ಮರೆ ಮಾಡಿಕೊಂಡು ಒಳಗೆ ಕರೆದುಕೊಂಡು ಹೋಗಬೇಕಾಯಿತು. ಭಾವ ಕಾರಿನೊಳಗೆ ಇಣುಕಿ, "ಏನು ಭಾವ, ಕಾರಿಗೆ ಎಣ್ಣೆಸ್ನಾನ ಮಾಡಿಸಿದ್ದೀರಾ?" ಎಂದು ಎಲ್ಲರ ಎದುರು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಹಣ ಹೋದದ್ದನ್ನು ಮರೆಯಬಹುದು. ಅತ್ತೆಯವರ ಆ ಮುಖವನ್ನು ಮರೆಯಲಾಗುತ್ತಿಲ್ಲ.

ಕೊಪ್ಪದಿಂದ ಬಂದವನೇ ನೇರವಾಗಿ ಅಂಗಡಿಗೆ ಹೋದೆ. ಏನು ಹಚ್ಚಿದ್ದೀರಿ, ಆ ಬಾಟಲಿ ತೋರಿಸಿ ಎಂದೆ. ಮಾಲೀಕ ಅದು ಖಾಲಿಯಾಗಿದೆ, ಎಸೆದಿದ್ದೇವೆ ಎಂದ. ಅಷ್ಟರಲ್ಲಿ ಕೆಲಸದ ಹುಡುಗ ಕಪಾಟಿನಿಂದ ಬಾಟಲಿ ತಂದು ನನ್ನ ಕೈಗೇ ಕೊಟ್ಟ. ಪಾಪ, ಅವನಿಗೇನೂ ಗೊತ್ತಿರಲಿಲ್ಲ. ಅದರ ಮೇಲೆ ಚರ್ಮದ ಸೋಫಾದ ಚಿತ್ರ, ಲೆದರ್ ಕಂಡೀಷನರ್ ಎಂಬ ದಪ್ಪ ಅಕ್ಷರ. "ಮೊದಲು ಶಾಂಪೂ ನೀರು ಹಾಕಿ ಉಜ್ಜಿ, ಹಬೆ ಹೊಡೆದು, ಆಮೇಲೆ ಇದನ್ನು ಹಚ್ಚುವುದು ಸಾರ್" ಎಂದು ಹುಡುಗ ವಿವರಿಸಿಯೂಬಿಟ್ಟ. ಮಾಲೀಕ ಅವನನ್ನು ಗದರಿಸಿ ಒಳಗೆ ಕಳಿಸಿದ. ಬಾಟಲಿ ಕೈಯಲ್ಲಿ ಹಿಡಿದು ನಿಂತ ಆ ಗಳಿಗೆಯಲ್ಲಿ ನನಗೆ ಎಲ್ಲವೂ ಅರ್ಥವಾಯಿತು. ಬೇರೆಯೇ ಟ್ರೀಟ್‌ಮೆಂಟ್ ಎನ್ನುವುದು ಯಾವುದೂ ಇರಲಿಲ್ಲ. ಇಟಲಿ ಮಾಲು ಎಂದವನಿಗೆ ಅದು ಚರ್ಮವಲ್ಲ ಎಂಬುದೂ ತಿಳಿದಿರಲಿಲ್ಲ.

"ಸ್ವೀಡ್ ಅಂದರೆ ಚರ್ಮವೇ ಅಲ್ಲವೇ ಸಾರ್? ಚರ್ಮಕ್ಕೆ ಎಣ್ಣೆ ಕೊಡಲೇಬೇಕು" ಎಂದು ನನಗೇ ಪಾಠ ಹೇಳಿದ.

ಅಲ್ಲ. ಪ್ರಾಣಿಯ ಚರ್ಮದ ಒಳಮೈಯಿಂದ ಬರುವ ಸ್ವೀಡ್ ಬೇರೆ, ಕಾರಿನಲ್ಲಿ ಬರುವ ಸಿಂಥೆಟಿಕ್ ಸ್ವೀಡ್ ಬೇರೆ. ಜಪಾನಿನ ಟೋರೆ ಕಂಪನಿಯ ವಿಜ್ಞಾನಿ ಮಿಯೋಶಿ ಒಕಾಮೊಟೊ 1970ರಲ್ಲಿ ರೂಪಿಸಿದ ವಸ್ತು ಇದು. ಅಲ್ಟ್ರಾಸ್ವೀಡ್ ಎಂಬುದು ಅದೇ ಕಂಪನಿ ಈ ವಸ್ತುವಿಗೆ ಇಟ್ಟ ಹೆಸರು. 1972ರಲ್ಲಿ ಇಟಲಿಯಲ್ಲಿ ಕಂಪನಿ ಕಟ್ಟಿ ಅಲ್ಕಾಂಟಾರಾ ಎಂಬ ಹೆಸರಿನಲ್ಲಿ ಮಾಡತೊಡಗಿದರು. ಅದರಲ್ಲಿ ಸುಮಾರು 68 ಭಾಗ ಪಾಲಿಯೆಸ್ಟರ್, 32 ಭಾಗ ಪಾಲಿಯುರಿಥೇನ್. ಕೂದಲಿಗಿಂತ ಎಷ್ಟೋ ಸಣ್ಣ ಎಳೆಗಳು, ಅವನ್ನು ಹಿಡಿದಿಡುವ ಪಾಲಿಯುರಿಥೇನ್, ಅಷ್ಟೇ. ಚರ್ಮ ಒಣಗಿ ಬಿರುಕು ಬಿಡುತ್ತದೆ, ಅದಕ್ಕೆ ಕಂಡೀಷನರ್ ಬೇಕು. ಪಾಲಿಯೆಸ್ಟರಿಗೆ ಎಣ್ಣೆ ಏಕೆ ಬೇಕು? ಎಣ್ಣೆ, ಸಿಲಿಕೋನ್ ತಾಗಿದರೆ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಮಲಗುತ್ತವೆ, ಧೂಳನ್ನೂ ಹಿಡಿದಿಟ್ಟುಕೊಳ್ಳುತ್ತವೆ. ಸ್ಟೀರಿಂಗಿನ ಮೇಲೆ ಕೈಯ ಜಿಡ್ಡು ಮಾಡಿದ್ದನ್ನೇ ಇವನು ಬಾಟಲಿಗಟ್ಟಲೆ ಸುರಿದು ಇಡೀ ಕಾರಿಗೆ ಮಾಡಿಟ್ಟ. ಅಂದರೆ ಯಾವ ರೋಗಕ್ಕೆ ಮದ್ದು ಕೇಳಿಕೊಂಡು ಹೋದೆನೋ ಅದೇ ರೋಗವನ್ನು ಹಣ ತೆಗೆದುಕೊಂಡು ಎಲ್ಲ ಕಡೆ ಹಬ್ಬಿಸಿದ.

ಸಾಗರದಲ್ಲಿ ಸೀಟು ಹೊಲಿಯುವ ಹಿರಿಯರೊಬ್ಬರಿಗೆ ಕಾರು ತೋರಿಸಿದೆ. ಅವರು ಒಂದು ಒಣ ಬಿಳಿ ಬಟ್ಟೆ ಇಟ್ಟು ಸೀಟನ್ನು ಗಟ್ಟಿಯಾಗಿ ಒತ್ತಿದರು. ಇಷ್ಟು ಸಮಯ ಕಳೆದ ಮೇಲೂ ಬಟ್ಟೆ ಒದ್ದೆಯಾಯಿತು, ಹಳದಿ ನೀರು. "ಮೇಲೆ ಒರೆಸಿ ಪ್ರಯೋಜನವಿಲ್ಲ, ಸ್ಪಂಜೇ ನೀರು ಕುಡಿದಿದೆ. ಮಲೆನಾಡಿನ ಮಳೆಯಲ್ಲಿ ಇದು ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ" ಎಂದರು. ಸ್ಟೀರಿಂಗಿನ ಹೊದಿಕೆ ಒಂದು ಕಡೆ ಹಬೆಯ ಬಿಸಿಗೆ ಗೋಂದು ಬಿಟ್ಟು ಎದ್ದಿರುವುದನ್ನು ತೋರಿಸಿದವರೂ ಅವರೇ. ಹಣ ಕೊಡಲು ಹೋದರೆ ಬೇಡವೆಂದರು.

ಇನ್ನು ಆ ಅಂಗಡಿಯವನ ಉತ್ತರಗಳು. ಎಲ್ಲವೂ ನನ್ನ ಮೊಬೈಲಿನಲ್ಲಿವೆ. ಫೋಟೋ ಕಳಿಸಿದರೆ, "ಫೋಟೋದಲ್ಲಿ ಚೆನ್ನಾಗಿಯೇ ಕಾಣುತ್ತಿದೆಯಲ್ಲ ಸಾರ್." ವಾಸನೆ ಬರುತ್ತಿದೆ ಎಂದರೆ, "ಮಳೆಗಾಲ ಸಾರ್, ಎಲ್ಲರ ಕಾರಿನಲ್ಲೂ ಬರುತ್ತದೆ." ಚೊಗರಿನ ಕಲೆಯೂ ಹೋಗಿಲ್ಲ ಎಂದರೆ, "ಅದಕ್ಕೆ ಬೇರೆ ಚಾರ್ಜು." ಬಾಟಲಿಯ ವಿಷಯ ಎತ್ತಿದ ಮೇಲೆ, "ನೀವು ಮನೆಯಲ್ಲಿ ಏನಾದರೂ ಹಚ್ಚಿರಬೇಕು." ನಾನು ಹಚ್ಚಿದೆನಂತೆ! ಕೊನೆಯದು ಇದು: "ಎಣ್ಣೆ ತೆಗೆಯುವ ಟ್ರೀಟ್‌ಮೆಂಟ್ ಇದೆ, 4,000 ಆಗುತ್ತದೆ, ನಿಮಗೆಂದು 3,500." ಅವನು ಬಳಿದ ಎಣ್ಣೆಯನ್ನು ತೆಗೆಯಲು ನಾನು ಮತ್ತೆ ಹಣ ಕೊಡಬೇಕು. ಹಣ ವಾಪಸ್ ಕೊಡಿ ಎಂದ ಮೇಲೆ ಉತ್ತರವೇ ಇಲ್ಲ. ಓದುತ್ತಾನೆ, ನೀಲಿ ಗೆರೆ ಬೀಳುತ್ತದೆ, ಉತ್ತರವಿಲ್ಲ.

ನಿಮ್ಮ ಕಾರಿಗೆ ಇದಾಗಬಾರದು. ಸಿಂಥೆಟಿಕ್ ಸ್ವೀಡ್‌ಗೆ ಬೇಕಾದ್ದು ಬಹಳ ಕಡಿಮೆ. ಮೊದಲು ವ್ಯಾಕ್ಯೂಮ್ ಮಾಡಿ ಧೂಳು ತೆಗೆಯಿರಿ. ಬಿಳಿ ಹತ್ತಿ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಪೂರ್ತಿ ಹಿಂಡಿ ಹಗುರವಾಗಿ ಒರೆಸಿ, ಬಟ್ಟೆಯನ್ನು ಆಗಾಗ ತೊಳೆದುಕೊಳ್ಳಿ. ಬಣ್ಣದ ಬಟ್ಟೆ ಬೇಡ, ಬಣ್ಣ ಬಿಡುತ್ತದೆ. ಜಿಡ್ಡಿದ್ದರೆ ಕ್ಷಾರವೂ ಆಮ್ಲವೂ ಅಲ್ಲದ ಸೌಮ್ಯ ಕ್ಲೀನರಿನ ನೊರೆಯನ್ನು ಮಾತ್ರ ಬಟ್ಟೆಗೆ ತೆಗೆದುಕೊಳ್ಳಿ, ಸೀಟಿನ ಮೇಲೆ ಸುರಿಯಬೇಡಿ. ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸಿ. ರಾತ್ರಿಯಿಡೀ ಗಾಳಿಗೆ ಒಣಗಲು ಬಿಟ್ಟು ಮಾರನೆಯ ದಿನ ಮೃದುವಾದ ಬ್ರಷ್ಷಿನಿಂದ ಸವರಿದರೆ ಎಳೆಗಳು ಏಳುತ್ತವೆ. ನಮ್ಮ ಕಡೆ ಮಳೆ ಹೊಳವಾಗುವವರೆಗೆ ಕಾಯುವುದೇ ಒಳ್ಳೆಯದು, ಇಲ್ಲವಾದರೆ ಶೆಡ್ಡಿನಲ್ಲಿ ಬಾಗಿಲು ತೆರೆದು ಫ್ಯಾನ್ ಹಾಕಿ. ಅಂಗಡಿಗೇ ಕೊಡುವುದಾದರೆ ಬಾಟಲಿ ನೋಡದೆ ಕೀಲಿ ಕೊಡಬೇಡಿ. ಹಗಲು ಹೊತ್ತಿನಲ್ಲಿ, ಹೊರಗಿನ ಬೆಳಕಿನಲ್ಲಿ ನೋಡಿಯೇ ಹಣ ಕೊಡಿ. ಏನು ಕೆಲಸ, ಯಾವ ವಸ್ತು ಬಳಸಿದರು ಎಂದು ಬರೆದ ಬಿಲ್ ಪಡೆಯಿರಿ. ಚೀಟಿ ಬೇಡ.

ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇನೆ. ಅಲ್ಲಿ ಬಗೆಹರಿಯದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವೂ ಇಲ್ಲ. ಚೀಟಿ, ಫೋಟೋಗಳು, ಅವನ ಸಂದೇಶಗಳು ಎಲ್ಲವನ್ನೂ ಜೋಡಿಸಿ ಇಟ್ಟಿದ್ದೇನೆ. ಸಾಗರದ ಹಿರಿಯರು ಸೀಟು ಬಿಚ್ಚಿ ಸ್ಪಂಜು ಒಣಗಿಸಿಕೊಡಲು ಒಪ್ಪಿದ್ದಾರೆ, ಸ್ಟೀರಿಂಗಿನ ಹೊದಿಕೆಯನ್ನಂತೂ ಹೊಸದಾಗಿಯೇ ಹಾಕಿಸಬೇಕು. ಆ ಖರ್ಚಿನ ಬಿಲ್ಲನ್ನೂ ದೂರಿಗೆ ಸೇರಿಸುತ್ತೇನೆ, ಅತ್ತೆಯವರ ಸೀರೆಯ ಡ್ರೈಕ್ಲೀನಿಂಗ್ ಬಿಲ್ಲನ್ನೂ.