ಹುಡುಕಿದ್ದನ್ನು ಅಳಿಸುವ ಮೂರು ದಾರಿಗಳು: ಬಳಸಿ ನೋಡಿದ ಹೋಲಿಕೆ

ನಮ್ಮ ಮನೆಯಲ್ಲಿ ಎಲ್ಲರಿಗೂ ಸೇರಿ ಇರುವುದು ಒಂದೇ ಲ್ಯಾಪ್‌ಟಾಪ್. ಅದರ ಕ್ರೋಮ್ ಬ್ರೌಸರಿನಲ್ಲಿ ಸದಾ ಲಾಗಿನ್ ಆಗಿರುವುದು ನನ್ನ ಗೂಗಲ್ ಅಕೌಂಟ್. ಊರಿನಿಂದ ಬಂದಿದ್ದ ಭಾವನವರು ಮೂಡಬಿದಿರೆಯ ಬಸ್ಸಿನ ವೇಳೆ ನೋಡಲೆಂದು ‘ಮೂ’ ಎಂದು ಟೈಪ್ ಮಾಡುತ್ತಿದ್ದಂತೆಯೇ, ಹಿಂದಿನ ವಾರ ನಾನು ಹುಡುಕಿದ್ದ ‘ಮೂಲವ್ಯಾಧಿಗೆ ಮನೆಮದ್ದು’ ಮೊದಲ ಸಾಲಿನಲ್ಲಿಯೇ ಮೂಡಿತು. ಅವರು ಆಗ ಏನೂ ಹೇಳಲಿಲ್ಲ; ರಾತ್ರಿ ಊಟಕ್ಕೆ ಕುಳಿತಾಗ ಮಾತ್ರ ಸಾರಿಗೆ ಖಾರ ಕಡಿಮೆ ಮಾಡಿಸಿಕೊಳ್ಳುವಂತೆ ನನಗೆ ಸೂಚಿಸಿದರು. ಮರುದಿನದಿಂದ ಮೂರು ವಾರ, ವಾರಕ್ಕೊಂದು ವಿಧಾನದಂತೆ ಪ್ರಯೋಗ ಮಾಡಿದೆ.

ಮೊದಲನೆಯದು ಬ್ರೌಸರಿನ ಹಿಸ್ಟರಿಯನ್ನೇ ಅಳಿಸುವುದು. ಕಂಟ್ರೋಲ್, ಶಿಫ್ಟ್, ಡಿಲೀಟ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ, ಕಳೆದ ಒಂದು ಗಂಟೆಯದೋ ಇಡೀ ಕಾಲದ್ದೋ ಎಂದು ಆಯ್ದುಕೊಳ್ಳುವ ಕಿಟಕಿ ತೆರೆಯುತ್ತದೆ. ಸಿಂಕ್ (ಒಂದೇ ಅಕೌಂಟಿನ ಸಾಧನಗಳಲ್ಲಿ ಒಂದೇ ದಾಖಲೆ ಇರುವಂತೆ ನೋಡಿಕೊಳ್ಳುವ ವ್ಯವಸ್ಥೆ) ಚಾಲೂ ಇದ್ದುದರಿಂದ ಲ್ಯಾಪ್‌ಟಾಪಿನಲ್ಲಿ ಅಳಿಸಿದ ಪುಟಗಳ ಪಟ್ಟಿ ನನ್ನ ಫೋನಿನಿಂದಲೂ ಹೋಯಿತು. ಕುಕೀಗಳನ್ನೂ, ಅಂದರೆ ನಮ್ಮ ಲಾಗಿನ್ ನೆನಪಿಡಲು ತಾಣಗಳು ಬ್ರೌಸರಿನಲ್ಲಿ ಇಡುವ ಪುಟ್ಟ ಕಡತಗಳನ್ನೂ, ಸೇರಿಸಿ ಅಳಿಸಿದ ದಿನ ಹಲವು ತಾಣಗಳಿಗೆ ಹೊಸದಾಗಿ ಲಾಗಿನ್ ಆಗಿ, ಒಟಿಪಿಗಾಗಿ ಕಾಯಬೇಕಾಯಿತು; ಹಾಗಾಗಿ ಕುಕೀಗಳ ಮುಂದಿನ ಆಯ್ಕೆಯ ಗುರುತನ್ನು ತೆಗೆದು, ಹಿಸ್ಟರಿಯನ್ನು ಮಾತ್ರ ಅಳಿಸುವುದು ನಿತ್ಯದ ಬಳಕೆಗೆ ಸಾಕೆನಿಸಿತು. ಆದರೆ ಇಲ್ಲಿ ಅಳಿಯುವುದು ಬ್ರೌಸರಿನ ದಾಖಲೆಯಷ್ಟೆ. ಅದೇ ಹುಡುಕಾಟಗಳು, ಗಂಟೆ ನಿಮಿಷಗಳ ಸಮೇತ, ಗೂಗಲ್ ನಮ್ಮ ಚಟುವಟಿಕೆಯ ದಾಖಲೆಯನ್ನು ತೋರಿಸುವ, ಅಕೌಂಟಿನ ‘ಮೈ ಆಕ್ಟಿವಿಟಿ’ ಪುಟದಲ್ಲಿ ಹಾಗೆಯೇ ಇದ್ದವು.

ಎರಡನೆಯ ವಾರವನ್ನು ಆ ಪುಟಕ್ಕೇ ಮೀಸಲಿಟ್ಟೆ, ಮತ್ತು ಮೂರರಲ್ಲಿ ಹೆಚ್ಚು ತೂಕವಿರುವುದು ಇದಕ್ಕೇ ಎಂಬುದು ನನ್ನ ಅಭಿಪ್ರಾಯ. ಒಂದೊಂದು ಹುಡುಕಾಟ ತೀರಾ ಸಾಮಾನ್ಯವೆನಿಸಿದರೂ ಅವನ್ನು ಸಾಲಾಗಿ ಜೋಡಿಸಿದಾಗ ಮನುಷ್ಯನೇ ಕಾಣಿಸುತ್ತಾನೆ: 2006ರ ಆಗಸ್ಟ್‌ನಲ್ಲಿ ಅಮೆರಿಕದ ಎಒಎಲ್ ಎಂಬ ಇಂಟರ್ನೆಟ್ ಕಂಪನಿಯು ಸುಮಾರು 6,50,000 ಬಳಕೆದಾರರ ಮೂರು ತಿಂಗಳ ಹುಡುಕಾಟಗಳನ್ನು, ಹೆಸರಿನ ಬದಲು ಬರಿಯ ಸಂಖ್ಯೆ ಕೊಟ್ಟು, ಸಂಶೋಧನೆಗೆಂದು ಬಿಡುಗಡೆ ಮಾಡಿದಾಗ, ಕೆಲವೇ ದಿನಗಳಲ್ಲಿ ಪತ್ರಕರ್ತರು ಅಂಥ ಒಂದು ಸಂಖ್ಯೆಯ ಜಾಡು ಹಿಡಿದು ಅದರ ಹಿಂದಿದ್ದ ಮಹಿಳೆಯ ಮನೆಯನ್ನೇ ತಲುಪಿದ್ದರು. ಮೈ ಆಕ್ಟಿವಿಟಿಯಲ್ಲಿ ಒಂದೇ ಸಾಲನ್ನಾಗಲಿ, ಎರಡು ದಿನಾಂಕಗಳ ನಡುವಿನದನ್ನಾಗಲಿ, ಎಲ್ಲವನ್ನಾಗಲಿ ಅಳಿಸಬಹುದು. 3, 18 ಅಥವಾ 36 ತಿಂಗಳು ತುಂಬಿದ್ದು ತಾನಾಗಿ ಅಳಿಯುವಂತೆಯೂ ಮಾಡಬಹುದು. 2020ರ ನಂತರ ತೆರೆದ ಅಕೌಂಟುಗಳಿಗೆ 18 ತಿಂಗಳ ಮಿತಿ ಮೊದಲೇ ಹೊಂದಿಕೆಯಾಗಿರುತ್ತದೆ. ನನ್ನದು ಅದಕ್ಕಿಂತ ಹಳೆಯದಾದ್ದರಿಂದ, ಎಂದೋ ಮುಗಿದ ಮದುವೆಯ ಛತ್ರದ ಬಾಡಿಗೆಯಿಂದ ಮೊದಲ್ಗೊಂಡು ಎಲ್ಲವೂ ಅಲ್ಲಿತ್ತು. ಅಳಿಸಿದ್ದು ಕಣ್ಣಿನಿಂದ ಕೂಡಲೇ ಮರೆಯಾದರೂ ಸರ್ವರುಗಳಿಂದ ಪೂರ್ಣವಾಗಿ ಹೋಗಲು ಸಾಮಾನ್ಯವಾಗಿ ಎರಡು ತಿಂಗಳು ಹಿಡಿಯುತ್ತದೆ ಎಂದು ಗೂಗಲ್ ತನ್ನ ನೀತಿಯಲ್ಲಿಯೇ ತಿಳಿಸಿದೆ.

ಮೂರನೆಯದು ಇನ್‌ಕಾಗ್ನಿಟೊ, ಅಂದರೆ ಅಳಿಸುವ ಕೆಲಸವೇ ಬೀಳದಂತೆ ನೋಡಿಕೊಳ್ಳುವ ಕಿಟಕಿ. ಮುಚ್ಚಿದೊಡನೆ ಹಿಸ್ಟರಿ, ಕುಕೀ ಎರಡೂ ಹೋಗುತ್ತವೆ. ಡೌನ್‌ಲೋಡ್ ಮಾಡಿದ ಕಡತಗಳು ಮಾತ್ರ ಉಳಿಯುತ್ತವೆ. ಒಮ್ಮೆ ಅದರೊಳಗೇ ಜಿಮೇಲ್ ತೆರೆದು ಆಮೇಲೆ ಹುಡುಕಿದಾಗ ಆ ಹುಡುಕಾಟ ನೇರವಾಗಿ ಅಕೌಂಟಿನ ದಾಖಲೆಗೆ ಸೇರಿತು, ತಪ್ಪು ನನ್ನದೇ. ‘ಗುರುತು ಮರೆಸಿಕೊಂಡು’ ಎಂಬ ಅರ್ಥದ ಈ ಕಿಟಕಿಯ ಹೆಸರು ಕೊಡುವ ಭರವಸೆ ಅದರ ಕೆಲಸಕ್ಕಿಂತ ದೊಡ್ಡದು: ಇದೇ ವಿಷಯಕ್ಕೆ ಅಮೆರಿಕದಲ್ಲಿ 2020ರಲ್ಲಿ ಹೂಡಿದ ಮೊಕದ್ದಮೆಯ 2024ರ ರಾಜಿಯಲ್ಲಿ ಗೂಗಲ್ ಹಳೆಯ ದಾಖಲೆಗಳನ್ನು ನಾಶಪಡಿಸಲು ಒಪ್ಪಿತು.

ಇಂಟರ್ನೆಟ್ ಕೊಡುವವರ ಮಟ್ಟಿಗೆ ಈ ಮೂರೂ ಒಂದೇ. ಎಚ್‌ಟಿಟಿಪಿಎಸ್ (ಮಾಹಿತಿಯನ್ನು ಗೂಢಲಿಪಿಯಲ್ಲಿ ಸಾಗಿಸುವ ವ್ಯವಸ್ಥೆ) ಇರುವ ತಾಣದಲ್ಲಿ ನಾವು ಓದಿದ ಪುಟ ಯಾವುದೆಂದು ಅವರಿಗೆ ತಿಳಿಯದಿದ್ದರೂ ಯಾವ ತಾಣಕ್ಕೆ ಹೋದೆವೆಂಬುದು ಸಾಮಾನ್ಯವಾಗಿ ತಿಳಿಯುತ್ತದೆ.

ಸದ್ಯ ಅಕೌಂಟಿನಲ್ಲಿ ಮೂರು ತಿಂಗಳ ಮಿತಿಯನ್ನು ಇರಿಸಿದ್ದೇನೆ, ಆರೋಗ್ಯದ ಹುಡುಕಾಟಕ್ಕೆ ಲಾಗಿನ್ ಇಲ್ಲದ ಇನ್‌ಕಾಗ್ನಿಟೊ ಬಳಸುತ್ತೇನೆ, ನೆಂಟರು ಬರುವ ಹಿಂದಿನ ದಿನ ಬ್ರೌಸರನ್ನೂ ಗುಡಿಸುತ್ತೇನೆ. ಯೂಟ್ಯೂಬಿನ ಹಿಸ್ಟರಿಗೆ ಪ್ರತ್ಯೇಕ ಹೊಂದಿಕೆ ಇದೆ ಎಂಬುದು ಮಾತ್ರ ನನ್ನ ಗಮನಕ್ಕೆ ಬಂದದ್ದು ತಡವಾಗಿ, ಅಷ್ಟರಲ್ಲಿ ಮಗಳು ನಾನು ನೋಡಿದ್ದ ಯೋಗಾಸನಗಳ ಸಾಲನ್ನೆಲ್ಲ ಓದಿ ಮುಗಿಸಿದ್ದಳು.